ಶುಗರ್ ಇರಬಹುದು ಅಂತ ಅನುಮಾನವೇ? ಅನ್ನ ಬಿಡೋಕೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿ

ಪ್ರಶ್ನೆ: ನನಗೆ 43 ವರ್ಷ. ವಿಜಯನಗರದಲ್ಲಿ ಮನೆ, ವೈಟ್‌ಫೀಲ್ಡ್‌ನಲ್ಲಿ ಆಫೀಸು, ಮೆಟ್ರೋದಲ್ಲಿ ಓಡಾಟ, ದಿನವಿಡೀ ಕೂತೇ ಕೆಲಸ. ಎತ್ತರ ಐದಡಿ ಆರಿಂಚು, ತೂಕ 78 ಕೆಜಿ. ಅಮ್ಮನಿಗೆ ಶುಗರ್ ಇದೆ. ಕೆಲವು ತಿಂಗಳಿಂದ ರಾತ್ರಿ ಎರಡು ಸಲ ಮೂತ್ರಕ್ಕೆ ಏಳುತ್ತಿದ್ದೇನೆ, ಸುಸ್ತು ಜಾಸ್ತಿ. ಹೋದ ತಿಂಗಳು ನೆಂಟರ ಗೃಹಪ್ರವೇಶದಲ್ಲಿ ಊಟ ಮುಗಿಸಿ ಕೂತಿದ್ದಾಗ ಭಾವನ ಗ್ಲುಕೋಮೀಟರ್‌ನಲ್ಲಿ ಸುಮ್ನೆ ನೋಡಿದೆವು, 187 ಬಂತು. ಅವತ್ತಿಂದ ಅನ್ನ ಪೂರ್ತಿ ಬಿಟ್ಟಿದ್ದೇನೆ, ಬರೀ ಚಪಾತಿ. ಬೆಳಿಗ್ಗೆ ಮೆಂತ್ಯದ ನೀರು ಕುಡಿಯುತ್ತೇನೆ. ಲ್ಯಾಬ್‌ಗೆ ಹೋಗಿಲ್ಲ. ಒಂದು ಸಲ ಮಾತ್ರೆ ಶುರುವಾದರೆ ಜೀವನಪೂರ್ತಿ ಬಿಡೋಕಾಗಲ್ಲ ಅಂತಾರೆ. ಊಟ, ವ್ಯಾಯಾಮದಲ್ಲೇ ಸರಿ ಮಾಡಿಕೊಳ್ಳಬಹುದಾ ಡಾಕ್ಟ್ರೇ?

ಉತ್ತರ: ಮಾಡಿಕೊಳ್ಳುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಈಗ ನೀವು ಹೊರಟಿರುವ ದಾರಿಯಲ್ಲಿ ಮೊದಲ ಹೆಜ್ಜೆಯೇ ಬಿಟ್ಟು ಹೋಗಿದೆ. ನಿಮಗೆ ಶುಗರ್ ಇದೆಯೋ ಇಲ್ಲವೋ, ಇದ್ದರೆ ಎಷ್ಟಿದೆ ಅನ್ನೋದೇ ಇನ್ನೂ ಗೊತ್ತಿಲ್ಲ, ಅಲ್ವಾ? ಗೊತ್ತಿಲ್ಲದ ಕಾಯಿಲೆಗೆ ಒಂದು ತಿಂಗಳಿಂದ ಪಥ್ಯ ಮಾಡುತ್ತಿದ್ದೀರಿ.

ಆ 187ರ ವಿಷಯಕ್ಕೆ ಬರೋಣ. ಮನೆಯಲ್ಲಿ ಬಳಸುವ ಮೀಟರ್ ಇರೋದು ಶುಗರ್ ಇರುವವರು ದಿನದಿನದ ಏರಿಳಿತ ನೋಡಿಕೊಳ್ಳೋಕೆ. ಕಾಯಿಲೆ ಇದೆ, ಇಲ್ಲ ಅಂತ ಅದರಿಂದ ತೀರ್ಮಾನಿಸೋ ಹಾಗಿಲ್ಲ. ಒಳ್ಳೆ ಮೀಟರ್‌ನಲ್ಲೂ ನೂರಕ್ಕೆ ಹದಿನೈದರಷ್ಟು ಹೆಚ್ಚು ಕಮ್ಮಿ ಬರಬಹುದು. ಅದರ ಮೇಲೆ ನೀವು ನೋಡಿದ್ದು ಹಬ್ಬದೂಟ ಆದ ಮೇಲೆ. ಬೆರಳಿಗೆ ಒಬ್ಬಟ್ಟಿನ ಹೂರಣ ಒಂಚೂರು ಅಂಟಿಕೊಂಡಿದ್ದರೂ ಸಾಕು, ಸ್ಟ್ರಿಪ್ ಅದನ್ನೂ ಸೇರಿಸಿ ಲೆಕ್ಕ ಕೊಡುತ್ತದೆ. ಕೈಯನ್ನು ಸೋಪು ಹಾಕಿ ತೊಳೆದು, ಚೆನ್ನಾಗಿ ಒರೆಸಿಕೊಂಡ ಮೇಲೆಯೇ ಚುಚ್ಚಬೇಕು. ಹಾಗಂತ 187 ಅನ್ನು ತಳ್ಳಿಹಾಕಬೇಡಿ. ಅಮ್ಮನಿಗೆ ಶುಗರ್, ನಿಮ್ಮ ತೂಕ, ರಾತ್ರಿ ಏಳೋದು, ಇವೆಲ್ಲ ಸೇರಿದರೆ ಪರೀಕ್ಷೆ ಈ ವಾರವೇ ಆಗಬೇಕು. ಒಂದು ಟೇಪ್ ತಗೊಂಡು ಹೊಟ್ಟೆಯ ಸುತ್ತಳತೆಯನ್ನೂ ನೋಡಿ. ನಮ್ಮವರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಅಪಾಯ ಹೆಚ್ಚು ಅಂತ ಲೆಕ್ಕ. ಕುತ್ತಿಗೆಯ ಹಿಂಭಾಗ ಕಪ್ಪಾಗಿ, ಮುಟ್ಟಿದರೆ ದಪ್ಪ ಅನ್ನಿಸುತ್ತಿದೆಯಾ ಅಂತ ಮನೆಯವರಿಗೆ ನೋಡೋಕೆ ಹೇಳಿ. ಎಷ್ಟೋ ಜನ ಅದನ್ನು ಕೊಳೆ ಅಂದುಕೊಂಡು ಉಜ್ಜುತ್ತಾ ಇರುತ್ತಾರೆ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಹಾರ್ಮೋನು ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನೋದರ ಗುರುತು ಅದಾಗಿರಬಹುದು.

ಪರೀಕ್ಷೆಯಲ್ಲಿ ಏನು ನೋಡುತ್ತೇವೆ? ರಾತ್ರಿಯಿಡೀ ಖಾಲಿ ಹೊಟ್ಟೆಯಲ್ಲಿದ್ದು ಕೊಟ್ಟ ರಕ್ತದಲ್ಲಿ 126 ಅಥವಾ ಜಾಸ್ತಿ ಇದ್ದರೆ ಶುಗರ್ ಅನ್ನುತ್ತೇವೆ. 100ರಿಂದ 125ರವರೆಗೆ ಇದ್ದರೆ ಬಾರ್ಡರ್, ಅಂದರೆ ಶುಗರ್ ಇನ್ನೂ ಬಂದಿಲ್ಲ, ಅಂಚಿನಲ್ಲಿದ್ದೀರಿ ಅಂತ. ಎಚ್‌ಬಿಎ1ಸಿ, ಅಂದರೆ ಜನ ‘ಮೂರು ತಿಂಗಳ ಆವರೇಜ್’ ಅನ್ನುವ ಪರೀಕ್ಷೆ, ಅದರಲ್ಲಿ 6.5 ಅಥವಾ ಜಾಸ್ತಿ ಬಂದರೆ ಶುಗರ್, 5.7ರಿಂದ 6.4 ಬಾರ್ಡರ್. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದಾಗ 200 ಅಥವಾ ಜಾಸ್ತಿ ಇದ್ದರೂ ಶುಗರ್. ಸ್ಪಷ್ಟ ಲಕ್ಷಣ ಇಲ್ಲದವರಲ್ಲಿ ಒಂದೇ ರಿಪೋರ್ಟ್ ನೋಡಿ ಹಣೆಪಟ್ಟಿ ಹಚ್ಚಬಾರದು, ಇನ್ನೊಂದು ಪರೀಕ್ಷೆಯಲ್ಲೂ ಅದೇ ಬರಬೇಕು. ಹೆಂಗಸರು ಗಮನಿಸಬೇಕಾದ ಮಾತೊಂದಿದೆ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರೋದಕ್ಕಿಂತ ಜಾಸ್ತಿ ತೋರಿಸಬಹುದು. ಅದಕ್ಕೇ ಹಿಮೋಗ್ಲೋಬಿನ್ ಕೂಡ ಜೊತೆಗೇ ನೋಡಿಸಿ.

ಈಗ ನಮ್ಮೂರಿನ ಲ್ಯಾಬ್‌ಗಳಲ್ಲಿ ದಿನಾ ನಡೆಯೋದನ್ನು ಹೇಳುತ್ತೇನೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟವರು ಪಕ್ಕದ ದರ್ಶಿನಿಗೆ ಹೋಗುತ್ತಾರೆ. ಹೇಗೂ ಟೆಸ್ಟು ಅಂತ ಒಬ್ಬರು ಎರಡೇ ಇಡ್ಲಿ ತಿಂದು, ಸಕ್ಕರೆ ಇಲ್ಲದ ಕಾಫಿ ಕುಡಿಯುತ್ತಾರೆ. ಇನ್ನೊಬ್ಬರು ಹಸಿವು ತಡೆಯದೆ ಮಸಾಲೆ ದೋಸೆ, ಕೇಸರಿಬಾತ್ ಎರಡೂ ಮುಗಿಸುತ್ತಾರೆ. ಎರಡು ಗಂಟೆಯನ್ನು ಮೊದಲ ತುತ್ತಿನಿಂದ ಲೆಕ್ಕ ಹಾಕಬೇಕು, ಆದರೆ ಬಿಲ್ ಕೊಟ್ಟ ಹೊತ್ತಿನಿಂದ ಲೆಕ್ಕ ಹಾಕುವವರೇ ಜಾಸ್ತಿ. ಹೀಗೆ ಬಂದ ‘ಊಟದ ನಂತರದ’ ಸಂಖ್ಯೆ ಇಟ್ಟುಕೊಂಡು ಶುಗರ್ ಇದೆ, ಇಲ್ಲ ಅಂತ ಹೇಳೋಕೆ ಬರಲ್ಲ. ಅನುಮಾನ ಉಳಿದರೆ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯನ್ನೇ ಕೇಳಿ. ಮತ್ತೆ, ಆ ಪರೀಕ್ಷೆಗೆ ಮುಂಚೆ ಕನಿಷ್ಠ ಮೂರು ದಿನ ಎಂದಿನ ಹಾಗೆ ಅನ್ನ, ಚಪಾತಿ ಎಲ್ಲಾ ತಿಂದಿರಬೇಕು. ಅನ್ನ, ಚಪಾತಿ ತೀರಾ ಕಮ್ಮಿ ಮಾಡಿಕೊಂಡು ಹೋದರೆ ಫಲಿತಾಂಶ ಇರೋದಕ್ಕಿಂತ ಕೆಟ್ಟದಾಗಿ ಬರಬಹುದು. ಖಾಲಿ ಹೊಟ್ಟೆ ಅಂದರೆ ಕನಿಷ್ಠ ಎಂಟು ಗಂಟೆ. ನೀರು ಕುಡಿಯಬಹುದು, ಅರ್ಧ ಲೋಟ ಕಾಫಿಯೂ ಬೇಡ.

ದುಡ್ಡಿನ ಚಿಂತೆ ಇದ್ದರೆ ನಿಮ್ಮ ವಾರ್ಡ್‌ನಲ್ಲಿರುವ ಸರ್ಕಾರದ ‘ನಮ್ಮ ಕ್ಲಿನಿಕ್’ನಲ್ಲಿ ಅಥವಾ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿಪಿ ಉಚಿತವಾಗಿ ನೋಡುತ್ತಾರೆ. 30 ವರ್ಷ ದಾಟಿದ ಎಲ್ಲರನ್ನೂ ಪರೀಕ್ಷಿಸಬೇಕು ಅನ್ನೋದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಸಂಕೋಚಪಡೋದು ಏನಿದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಶುಗರ್, 13.6 ಕೋಟಿ ಜನ ಬಾರ್ಡರ್‌ನಲ್ಲಿದ್ದಾರೆ ಅಂತ ಅಂದಾಜು ಕೊಟ್ಟಿತು.

ರಿಪೋರ್ಟ್ ಬಾರ್ಡರ್ ಅಂತ ಬಂದರೆ, ಅಥವಾ ಶುಗರ್ ಈಗಷ್ಟೇ ಶುರುವಾಗಿದ್ದು ಸಂಖ್ಯೆ ತೀರಾ ಮೇಲಿಲ್ಲದಿದ್ದರೆ, ಊಟ ಮತ್ತು ವ್ಯಾಯಾಮಕ್ಕೆ ನಿಜವಾಗಲೂ ಶಕ್ತಿ ಇದೆ. ಬಾರ್ಡರ್‌ನಲ್ಲಿದ್ದವರ ಮೇಲೆ ನಡೆದ ಭಾರತೀಯ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಮೂರು ವರ್ಷದಲ್ಲಿ, ಏನೂ ವಿಶೇಷ ಸಲಹೆ ಸಿಗದವರಲ್ಲಿ ನೂರಕ್ಕೆ 55 ಜನರಿಗೆ ಶುಗರ್ ಬಂತು. ಊಟ, ನಡಿಗೆ ಬದಲಾಯಿಸಿಕೊಂಡವರಲ್ಲಿ ಸುಮಾರು 39 ಜನರಿಗೆ ಬಂತು. ಬ್ರಿಟನ್‌ನಲ್ಲಿ 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಶುಗರ್ ಬಂದು ಆರು ವರ್ಷದೊಳಗಿದ್ದು ವೈದ್ಯಕೀಯ ನಿಗಾದಲ್ಲಿ ತೂಕ ಇಳಿಸಿದ ಗುಂಪಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಒಂದು ವರ್ಷದ ಹೊತ್ತಿಗೆ ಮಾತ್ರೆ ಇಲ್ಲದೆಯೇ ಶುಗರ್‌ನ ಮಟ್ಟಕ್ಕಿಂತ ಕೆಳಗೆ ಬಂದಿದ್ದರು. ಆದರೆ ಅವರು ಇಳಿಸಿದ್ದು ಒಂದೆರಡು ಕೆಜಿಯಲ್ಲ. 15 ಕೆಜಿಗಿಂತ ಜಾಸ್ತಿ ಇಳಿಸಿದವರಲ್ಲೇ ಫಲ ಎಲ್ಲಕ್ಕಿಂತ ಚೆನ್ನಾಗಿತ್ತು. ನೀವು ಮೊದಲು ಐದು ಕೆಜಿಯ ಗುರಿ ಇಟ್ಟುಕೊಳ್ಳಿ.

ಈಗ ತಟ್ಟೆ. ಅನ್ನ ಬಿಟ್ಟು ಚಪಾತಿ ಹಿಡಿದಿದ್ದೀರಿ. ಎಷ್ಟು ಚಪಾತಿ ಅಂತ ಬರೆದಿಲ್ಲ. ಎರಡು ಚಪಾತಿಯಲ್ಲೂ ಒಂದು ಬಟ್ಟಲು ಅನ್ನದಲ್ಲೂ ಪಿಷ್ಟ ಹೆಚ್ಚು ಕಮ್ಮಿ ಒಂದೇ. ನಾಲ್ಕು ಚಪಾತಿ, ಆಲೂಗಡ್ಡೆ ಪಲ್ಯ ತಿಂದು ಅನ್ನ ಬಿಟ್ಟೆ ಅಂತ ಸಮಾಧಾನಪಟ್ಟುಕೊಂಡರೆ ಏನು ಬಂತು? ಮುದ್ದೆಯದ್ದೂ ಇದೇ ಕಥೆ. ರಾಗಿಯಲ್ಲಿ ನಾರು ಇದೆ, ಕ್ಯಾಲ್ಸಿಯಂ ತುಂಬಾ ಇದೆ, ಒಳ್ಳೆಯದೇ. ಆದರೆ 100 ಗ್ರಾಂ ಹಿಟ್ಟಿನಲ್ಲಿ 60 ಗ್ರಾಂಗೂ ಮೀರಿ ಪಿಷ್ಟವೇ ಇರೋದು, ಹಾಗಾಗಿ ಎರಡು ದೊಡ್ಡ ಮುದ್ದೆ ಇಳಿಸಿದರೆ ಶುಗರ್ ಏರಿಯೇ ಏರುತ್ತದೆ. ರಾಗಿ ಗಂಜಿ ಕುಡಿದರೆ ಇನ್ನೂ ಬೇಗ ಏರುತ್ತದೆ. ಒಂದು ಸಣ್ಣ ಮುದ್ದೆ, ಜೊತೆಗೆ ಧಾರಾಳವಾಗಿ ಸೊಪ್ಪು, ಕಾಳು ಇರುವ ಬಸ್ಸಾರು ಅಂದರೆ ಅದು ಚೆಂದದ ಊಟ.

ಸುಲಭದ ಲೆಕ್ಕ ಹೇಳುತ್ತೇನೆ. ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು. ಕಾಲು ಭಾಗ ಕಾಳು, ಮೊಟ್ಟೆ, ಮೀನು, ಕೋಳಿ, ಪನೀರ್, ನಿಮಗೆ ಯಾವುದು ಆಗುತ್ತೋ ಅದು. ಉಳಿದ ಕಾಲಿನಲ್ಲಿ ಅನ್ನವೋ ಚಪಾತಿಯೋ ಮುದ್ದೆಯೋ, ಯಾವುದಾದರೂ ಒಂದು. ತಿನ್ನುವ ಕ್ರಮವೂ ಮುಖ್ಯ. ನಮ್ಮ ಮದುವೆ ಊಟದಲ್ಲಿ ಎಲೆಗೆ ಮೊದಲು ಬೀಳೋದು ಕೋಸಂಬರಿ, ಪಲ್ಯ. ಅದನ್ನು ನೆಂಚಿಕೊಳ್ಳೋಕೆ ಅಂತ ಪಕ್ಕಕ್ಕಿಡದೆ ಮೊದಲು ತಿಂದು ಮುಗಿಸಿ, ಆಮೇಲೆ ಅನ್ನಕ್ಕೆ ಕೈ ಹಾಕಿದರೆ ಶುಗರ್ ಏರುವ ವೇಗ ತಗ್ಗುತ್ತದೆ. ನಿಮ್ಮ ಅನ್ನವನ್ನು ನಾನು ಪೂರ್ತಿ ಕಿತ್ತುಕೊಳ್ಳುವುದಿಲ್ಲ. ಪೂರ್ತಿ ಬಿಟ್ಟವರು ಕೆಲವೇ ತಿಂಗಳಲ್ಲಿ ಮತ್ತೆ ಎರಡು ಪಟ್ಟು ಹಾಕಿಕೊಳ್ಳೋದನ್ನು ನೋಡಿದ್ದೇನೆ. ದಿನಕ್ಕೆ ನಾಲ್ಕು ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಅಂದರೆ ಎಂಟು ಚಮಚ ಆಯಿತು. ಅಲ್ಲಿಂದಲೇ ಶುರು ಮಾಡಿ. ಸಕ್ಕರೆ ಬದಲು ಬೆಲ್ಲ, ಜೇನುತುಪ್ಪ ಹಾಕಿಕೊಂಡರೆ ಲಾಭವೇನಿಲ್ಲ. ಹಣ್ಣನ್ನು ಹಣ್ಣಾಗಿ ತಿನ್ನಿ, ಜ್ಯೂಸ್ ಬೇಡ. ಮೆಂತ್ಯದಿಂದ ಅಲ್ಪಸ್ವಲ್ಪ ಸಹಾಯ ಇರಬಹುದು, ಕುಡಿಯಿರಿ, ಆದರೆ ಅದನ್ನೇ ಚಿಕಿತ್ಸೆ ಅಂದುಕೊಳ್ಳಬೇಡಿ.

ವ್ಯಾಯಾಮಕ್ಕೆ ಜಿಮ್ ಬೇಕೇ ಬೇಕು ಅಂತೇನಿಲ್ಲ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್‌ನ ಸಹಾಯ ಅಷ್ಟಾಗಿ ಇಲ್ಲದೆಯೇ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ಫಲ ಸಿಗೋದು ಅದಕ್ಕೇ. ರಾತ್ರಿ ಮನೆ ಸೇರೋದೇ ಒಂಬತ್ತೂವರೆ, ತಿಂದು ಹಾಗೇ ಮಲಗೋದು, ಇದು ಬೆಂಗಳೂರಿನವರ ದೊಡ್ಡ ತೊಂದರೆ. ಉಂಡು ತಾರಸಿಯ ಮೇಲೆ ಒಂದಷ್ಟು ಸುತ್ತು ಹಾಕಿ. ಸಂಜೆ ಬರುವಾಗ ವಿಜಯನಗರದ ಬದಲು ಹೊಸಹಳ್ಳಿ ಸ್ಟೇಷನ್‌ನಲ್ಲೇ ಇಳಿದು ನಡೆಯಿರಿ, ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹಿಡಿಯಿರಿ. ವಾರಕ್ಕೆ ಒಟ್ಟು 150 ನಿಮಿಷ, ಮಾತಾಡೋಕಾಗಬೇಕು ಆದರೆ ಹಾಡೋಕಾಗಬಾರದು, ಅಂಥ ಬಿರುಸಿನ ನಡಿಗೆ ಬೇಕು. ವಾರಕ್ಕೆ ಎರಡು ಮೂರು ದಿನ ಸ್ನಾಯುಗಳಿಗೂ ಕೆಲಸ ಕೊಡಿ. ಕೈ ಊರದೆ ಕುರ್ಚಿಯಿಂದ ಎದ್ದು ಕೂರೋದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯೋದು ಇಷ್ಟಾದರೂ ಸಾಕು. ಭಾನುವಾರ ಲಾಲ್‌ಬಾಗ್ ಸುತ್ತಿ ನೇರ ಹೋಟೆಲ್‌ಗೆ ಹೋಗಿ ವಡೆ, ದೋಸೆ ತಿಂದರೆ ನಡೆದಿದ್ದಕ್ಕಿಂತ ಜಾಸ್ತಿಯೇ ಒಳಗೆ ಹೋಗಿರುತ್ತದೆ.

ಮಾತ್ರೆಯ ಭಯದ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಶುರು ಮಾಡಿದ ಮಾತ್ರೆಯನ್ನು ಕಮ್ಮಿ ಮಾಡಿದವರೂ ನಿಲ್ಲಿಸಿದವರೂ ಇದ್ದಾರೆ, ರಿಪೋರ್ಟ್ ನೋಡಿ ಡಾಕ್ಟರ್ ಹೇಳಿದ ಮೇಲೆ. ಮೂರು ತಿಂಗಳು ಮನಸ್ಸಿಟ್ಟು ಊಟ, ವ್ಯಾಯಾಮ ಮಾಡಿ ಮತ್ತೆ ಎಚ್‌ಬಿಎ1ಸಿ ನೋಡೋಣ. ಇಳಿಯದಿದ್ದರೆ ಮಾತ್ರೆ ತಗೊಳ್ಳಿ, ಅದರಲ್ಲಿ ಸೋಲು ಅನ್ನೋದೇನಿಲ್ಲ. ಮೊದಲ ರಿಪೋರ್ಟ್‌ನಲ್ಲೇ ಸಂಖ್ಯೆ ತುಂಬಾ ಮೇಲಿದ್ದರೆ ಮಾತ್ರೆ ಅವತ್ತೇ ಶುರುವಾಗಬೇಕು, ಪಥ್ಯವೂ ಜೊತೆಗೇ ನಡೆಯಲಿ. ಶುಗರ್ ಅಂತ ಖಚಿತವಾದರೆ ಕಣ್ಣಿನ ಒಳಪರದೆ, ಮೂತ್ರದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್, ಪಾದಗಳ ಸ್ಪರ್ಶ ಇಷ್ಟನ್ನೂ ಆಗಲೇ ನೋಡಿಸಿ. ಗೊತ್ತಾಗುವ ಹೊತ್ತಿಗೆ ಶುಗರ್ ಒಳಗೊಳಗೇ ವರ್ಷಗಟ್ಟಲೆ ಇದ್ದಿರಬಹುದು.

ಪ್ರಶ್ನೆ: ನಮ್ಮ ಅತ್ತೆಗೆ 66 ವರ್ಷ, ಬಸವನಗುಡಿಯಲ್ಲಿದ್ದೇವೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಸೇರಿದ ಮಾತ್ರೆ ತಗೊಳ್ತಾರೆ. ಎರಡು ತಿಂಗಳಿಂದ ಊಟ ತುಂಬಾ ಕಮ್ಮಿ ಮಾಡಿದ್ದಾರೆ. ಬೆಳಿಗ್ಗೆ ಮಾತ್ರೆ ನುಂಗಿ, ಪಾರ್ಕಿಗೆ ಹೋಗಿ, ಗೇಟಿನ ಹತ್ತಿರ ಮಾರುವ ಹಾಗಲಕಾಯಿ ಜ್ಯೂಸ್ ಕುಡಿದು ವಾಕಿಂಗ್ ಮಾಡುತ್ತಾರೆ. ಎರಡು ಸಲ ಕೈ ನಡುಗಿ, ಬೆವತು, ಕಣ್ಣು ಕತ್ತಲೆ ಬಂತಂತೆ. ಬಿಪಿನಾ?

ಉತ್ತರ: ಶುಗರ್ ಕೆಳಗಿಳಿದಿರೋದೇ ಹೆಚ್ಚು ಸಂಭವ ಕಣಮ್ಮ. ಗ್ಲಿಮೆಪಿರೈಡ್ ಹೊಟ್ಟೆಯಲ್ಲಿ ಊಟ ಇದೆಯಾ ಅಂತ ಕಾಯದೆ ಇನ್ಸುಲಿನ್ ಹೊರಡಿಸುತ್ತದೆ. ಅದರ ಜೊತೆಗೆ ಖಾಲಿ ಹೊಟ್ಟೆ, ನಡಿಗೆ, ಹಾಗಲಕಾಯಿ ಎಲ್ಲ ಸೇರಿವೆ. ಇನ್ನೊಮ್ಮೆ ಹಾಗಾದರೆ ಅಲ್ಲೇ ಕೂರಿಸಿ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. ಮೀಟರ್ ಇದ್ದರೆ ನೋಡಿ, 70ಕ್ಕಿಂತ ಕೆಳಗಿದ್ದರೆ ಅನುಮಾನವೇ ಇಲ್ಲ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೆ ಅಷ್ಟೇ ಕೊಡಿ, ಆಮೇಲೆ ಏನಾದರೂ ತಿನ್ನಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಅತ್ತೆಯವರ ಪಥ್ಯ ಫಲ ಕೊಟ್ಟಿದೆ, ಮಾತ್ರೆಯ ಡೋಸ್ ಮಾತ್ರ ಹಳೆಯದೇ ಉಳಿದಿದೆ. ಈ ವಾರವೇ ಡಾಕ್ಟರ್ ಹತ್ತಿರ ಹೋಗಿ ಅದನ್ನು ಕಮ್ಮಿ ಮಾಡಿಸಿ. ಅಲ್ಲಿಯವರೆಗೆ ಬೆಳಿಗ್ಗೆ ಎರಡು ಇಡ್ಲಿಯಾದರೂ ತಿಂದು ನಡೆಯಲಿ, ಸೆರಗಿನ ತುದಿಯಲ್ಲಿ ನಾಲ್ಕು ಸಕ್ಕರೆ ಮಿಠಾಯಿ ಕಟ್ಟಿಕೊಂಡಿರಲಿ, ಜ್ಯೂಸ್ ನಿಲ್ಲಿಸಲಿ.

ಪ್ರಶ್ನೆ: ವಯಸ್ಸು 26, ಪಿಜಿಯಲ್ಲಿದ್ದೇನೆ. ಮೊದಲಿಂದಲೂ ಸಣ್ಣ. ಒಂದೂವರೆ ತಿಂಗಳಲ್ಲಿ ಎಂಟು ಕೆಜಿ ಇಳಿದಿದ್ದೇನೆ. ರಾತ್ರಿಯೆಲ್ಲ ನೀರು ಕುಡಿಯೋದು, ಮೂತ್ರಕ್ಕೆ ಹೋಗೋದು. ಸಕ್ಕರೆ ಬಿಟ್ಟು ಜಿಮ್ ಸೇರಿದರೆ ಸರಿ ಹೋಗುತ್ತಾ?

ಉತ್ತರ: ಈ ಪ್ರಶ್ನೆ ಬಂದ ಕೂಡಲೇ ಇವರಿಗೆ ಫೋನ್ ಮಾಡಿ ಹೇಳಿದ್ದೇವೆ. ಇದೇ ಸ್ಥಿತಿಯಲ್ಲಿರುವ ಬೇರೆಯವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಮೇಲೆ ಹೇಳಿದ ಊಟ, ನಡಿಗೆಯ ಮಾತು ಯಾವುದೂ ಇವರಿಗೆ ಈಗ ಅನ್ವಯಿಸಲ್ಲ. ಹೀಗೆ ಸರಸರ ತೂಕ ಇಳಿಯೋದು, ತಡೆಯಲಾಗದ ಬಾಯಾರಿಕೆ, ಇದು ಇನ್ಸುಲಿನ್ ತೀರಾ ಕಮ್ಮಿಯಾಗಿರುವ ಗುರುತು. ದೇಹದಲ್ಲಿ ಇನ್ಸುಲಿನ್ ತಯಾರಾಗೋದೇ ಹೆಚ್ಚು ಕಮ್ಮಿ ನಿಂತುಹೋಗುವ ಟೈಪ್ 1 ಶುಗರ್ ಮಕ್ಕಳಿಗಷ್ಟೇ ಬರೋದಲ್ಲ, ಈ ವಯಸ್ಸಲ್ಲೂ ಬರುತ್ತದೆ. ಇವತ್ತೇ ಆಸ್ಪತ್ರೆಗೆ ಹೋಗಿ ಶುಗರ್ ಜೊತೆಗೆ ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ರಕ್ತಕ್ಕೆ ಸೇರುವ ಆಮ್ಲ) ನೋಡಿಸಿ. ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು ಇವುಗಳಲ್ಲಿ ಒಂದಿದ್ದರೂ ಕ್ಲಿನಿಕ್ ತೆರೆಯೋದನ್ನು ಕಾಯದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಇನ್ಸುಲಿನ್ ಕೊಡುತ್ತೇವೆ ಅಂದರೆ ತಗೊಳ್ಳಿ. ಒಬ್ಬರೇ ಬೈಕಿನಲ್ಲಿ ಹೊರಡಬೇಡಿ, ರೂಮಿನವರನ್ನು ಎಬ್ಬಿಸಿ ಜೊತೆಗೆ ಕರೆದುಕೊಂಡು ಹೋಗಿ.