ಉದೋನ್ ಸೇರುತ್ತಿದ್ದ ಹುಡುಗನಿಗೆ ಊಟ ಸೇರದಾದಾಗ

ಹೊರದೇಶಕ್ಕೆ ಹೋದ ಮಕ್ಕಳ ಬಗ್ಗೆ ಆಪ್ತಸಲಹೆ ಕೇಳಿ ನನಗೆ ಬರುವ ಫೋನ್‌ಗಳಲ್ಲಿ ಮೊದಲ ದೂರು ಸಾಮಾನ್ಯವಾಗಿ ಊಟದ್ದೇ. "ಅಲ್ಲಿ ಊಟ ಸೇರ್ತಿಲ್ಲಂತೆ ಮೇಡಂ, ತುಂಬಾ ಇಳಿದುಹೋಗಿದ್ದಾನೆ." ಈ ದೂರು ಹೇಳುವುದು ಸುಲಭ. ಒಂಟಿತನ ಅಂದರೆ ಮನೆಯವರು ಗಾಬರಿಯಾಗುತ್ತಾರೆ. ಕೆಲಸ ಕೈಗೆ ಹತ್ತುತ್ತಿಲ್ಲ ಅಂದರೆ ಮರ್ಯಾದೆ ಪ್ರಶ್ನೆ. ಊಟ ಸೇರುತ್ತಿಲ್ಲ ಅಂದರೆ ಮಾತ್ರ ಯಾರೂ ಬೈಯುವುದಿಲ್ಲ, ಉಪ್ಪಿನಕಾಯಿ ಕಳಿಸುತ್ತಾರೆ. ಬಹಳ ಸಲ ಅದು ನಿಜಕ್ಕೂ ಊಟದ ವಿಷಯವೇ ಆಗಿರುತ್ತದೆ, ಕೆಲವು ತಿಂಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಕೆಲವು ಸಲ ಅಲ್ಲ. ಆ ಕೆಲವು ಸಲದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಹುಡುಗನ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಹಳೇ ಮೈಸೂರು ಕಡೆಯ ಹುಡುಗ. ಇಪ್ಪತ್ತರ ಕೊನೆಯ ವಯಸ್ಸು, ಸಾಫ್ಟ್‌ವೇರ್ ಕೆಲಸ, ಟೋಕಿಯೊದಲ್ಲಿ. ಅಮ್ಮ ಊರಲ್ಲಿ. ಅಪ್ಪ ಇಲ್ಲ. ಮಾಂಸ ತಿನ್ನುವ ಮನೆ, ಭಾನುವಾರ ಅಂದರೆ ಮುದ್ದೆ, ಮಟನ್ ಸಾರು. ಹೀಗಾಗಿ ಅವನ ಕಷ್ಟ ಯಾರಿಗೂ ಕಷ್ಟ ಅನ್ನಿಸಲೇ ಇಲ್ಲ. "ನೀನು ಸಸ್ಯಾಹಾರಿ ಅಲ್ವಲ್ಲ, ನಿನಗೇನಪ್ಪ ತೊಂದರೆ" ಅನ್ನುವ ಮಾತನ್ನು ಅವನು ಅಲ್ಲಿನ ಕನ್ನಡದವರಿಂದಲೇ ಕೇಳಿದ್ದ. ಮಾಂಸ ತಿನ್ನುವವರಿಗೆ ಎಲ್ಲ ದೇಶದ ಊಟವೂ ಒಗ್ಗುತ್ತದೆ ಅನ್ನುವುದು ನಮ್ಮಲ್ಲಿ ಇರುವ ಒಂದು ವಿಚಿತ್ರ ನಂಬಿಕೆ. ಬಯಲುಸೀಮೆಯಲ್ಲಿ ಬೆಳೆದವನಿಗೆ ದಿನಾ ಮೀನಿನ ವಾಸನೆ ಹೊಸದು. ಬಿಸಿ ಅನ್ನದ ಮೇಲೆ ಹಸಿ ಮೊಟ್ಟೆ ಒಡೆದುಕೊಂಡು ತಿನ್ನುವುದನ್ನು ನೋಡುವುದೂ ಹೊಸದು. ಖಾರವೇ ಇಲ್ಲದ ಸಾರು ಇನ್ನೂ ಹೊಸದು.

ಆದರೂ ಅವನು ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಹೊಂದಿಕೊಂಡಿದ್ದ. ಅಂಟಂಟು ಅನ್ನ, ತೋಫು, ಸುಟ್ಟ ಗೆಣಸು, ಸಿಹಿಸಿಹಿ ಕರಿ ರೈಸ್, ಎಲ್ಲ ತಿಂದಿದ್ದಾನೆ. ಮೇಜಿನ ಮೇಲಿರುವ ಏಳು ಬಗೆಯ ಪುಡಿ ಬೆರೆಸಿದ ಖಾರ, ಶಿಚಿಮಿ, ಅದನ್ನು ಸುರಿದುಕೊಂಡು ಉದೋನ್, ಅಂದರೆ ಸಾರಿನಲ್ಲಿ ಹಾಕಿಕೊಡುವ ದಪ್ಪ ಗೋಧಿ ನೂಡಲ್ಸ್, ತಿನ್ನುವುದು ಅವನಿಗೆ ತುಂಬಾ ಇಷ್ಟ ಆಗಿತ್ತಂತೆ. ಇದನ್ನೆಲ್ಲ ಅವನೇ ಹೇಳಿದ್ದು.

ಹಾಗಾದರೆ ಜನವರಿಯಿಂದ ಏನಾಯಿತು? ಜನವರಿಯಿಂದ ಅವನು ಹೊರಗೆ ಏನೂ ತಿನ್ನುತ್ತಿರಲಿಲ್ಲ. ಊರಿಂದ ತಂದಿದ್ದ ರಾಗಿ ಹಿಟ್ಟು ಮುಗಿದ ಮೇಲೆ ಟೋಕಿಯೊದ ನಿಶಿಕಸಾಯ್ ಬಡಾವಣೆಯ ಭಾರತೀಯ ಅಂಗಡಿಗಳಿಂದ ತರುತ್ತಿದ್ದ. ಒಂದೇ ಒಲೆಯ ಇಂಡಕ್ಷನ್ ಮೇಲೆ ಬೆಳಿಗ್ಗೆ ಗಂಜಿ, ರಾತ್ರಿ ಮುದ್ದೆ. ನಂಜಿಕೊಳ್ಳಲು ಉಪ್ಪಿನಕಾಯಿ, ಇಲ್ಲ ಅಂದರೆ ಮೊಸರು. ಮಧ್ಯಾಹ್ನ ಬಾಳೆಹಣ್ಣು. ಸಹೋದ್ಯೋಗಿಗಳ ಜೊತೆ ಊಟಕ್ಕೆ ಹೋಗುವುದು ನಿಂತಿತ್ತು. ಫೋನಿನಲ್ಲಿ ಅಮ್ಮನಿಗೆ ಮುದ್ದೆ ತೋರಿಸಿದರೆ ಅವರಿಗೆ ಖುಷಿ. ಅಷ್ಟು ದೂರ ಹೋದರೂ ಮಗ ಮುದ್ದೆ ಬಿಟ್ಟಿಲ್ಲ ಅಂತ.

ಅವನ ಜೊತೆಗಿನ ಮಾತುಕತೆಗಳಲ್ಲಿ ಇಲ್ಲಿ ಹೇಳಬೇಕಾದ್ದು ಒಂದೇ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ನನಗೆ ಸಂಜೆ, ಅವನಿಗೆ ರಾತ್ರಿ. ಅವನು ಎಂದಿನಂತೆ ಅಲ್ಲಿನ ಊಟದ ಸಪ್ಪೆಯ ಬಗ್ಗೆ ಹೇಳುತ್ತಿದ್ದ. ನಾನು ಕೇಳಿದೆ: "ನವೆಂಬರ್‌ನಲ್ಲಿ ಸೇರ್ತಿದ್ದ ಉದೋನ್ ಜನವರಿಯಲ್ಲಿ ಯಾಕೆ ಸೇರಲಿಲ್ಲ?"

"ಅದರಲ್ಲಿ ಮಿರಿನ್ ಇರತ್ತೆ ಮೇಡಂ."

ಮಿರಿನ್ ಅಂದರೆ ಅಕ್ಕಿಯಿಂದ ಮಾಡುವ, ಅಡುಗೆಗೆ ಬಳಸುವ ಒಂದು ಸಿಹಿ ಮದ್ಯ. ಅಸಲಿಯಾದರೆ ಅದರಲ್ಲಿ ಸುಮಾರು 14 ಶೇಕಡಾ ಆಲ್ಕೋಹಾಲ್ ಇರುತ್ತದೆ. ಉದೋನ್ ಸಾರಿಗೆ, ತೆರಿಯಾಕಿಗೆ, ಬೇಯಿಸಿದ ತರಕಾರಿಗೆ, ಎಲ್ಲದಕ್ಕೂ ಒಂದಿಷ್ಟು ಬೀಳುತ್ತದೆ. ಎಷ್ಟೋ ಅಡುಗೆಗೆ ಜೊತೆಯಲ್ಲಿ ಸಾಕೆ ಅನ್ನುವ ಅಕ್ಕಿ ಮದ್ಯವೂ ಬೀಳುತ್ತದೆ.

"ಇದನ್ನ ಯಾವಾಗ ಹುಡುಕಿ ನೋಡಿದ್ರಿ?"

"ಬೋನೆನ್‌ಕಾಯ್ ಆದ ಮಾರನೇ ದಿನ."

ಬೋನೆನ್‌ಕಾಯ್ ಅಂದರೆ ಡಿಸೆಂಬರಿನಲ್ಲಿ ಆಫೀಸಿನವರೆಲ್ಲ ಸೇರಿ ವರ್ಷಕ್ಕೆ ವಿದಾಯ ಹೇಳುವ ಪಾರ್ಟಿ. ಅಂಥ ಕಡೆ ಒಂದೇ ದರಕ್ಕೆ, ಸಾಮಾನ್ಯವಾಗಿ ಎರಡು ಗಂಟೆ ಹೊತ್ತು, ಎಷ್ಟು ಬೇಕಾದರೂ ಕುಡಿಯಬಹುದಾದ ವ್ಯವಸ್ಥೆ ಇರುತ್ತದೆ. ನಮ್ಮ ಗ್ಲಾಸಿಗೆ ನಾವೇ ಬಿಯರ್ ಸುರಿದುಕೊಳ್ಳುವಂತಿಲ್ಲ, ಪಕ್ಕದವರು ಸುರಿಯುತ್ತಾರೆ. ಖಾಲಿ ಗ್ಲಾಸ್ ಕಂಡರೆ ತುಂಬಿಸುವುದು ಅಲ್ಲಿ ಮರ್ಯಾದೆ. ಬಿಯರ್ ಅವನಿಗೆ ಕಹಿಯಾಯಿತು. ಅದನ್ನು ಗಮನಿಸಿದ ಹಿರಿಯರೊಬ್ಬರು ಪ್ರೀತಿಯಿಂದಲೇ ಲೆಮನ್ ಸಾವರ್ ತರಿಸಿಕೊಟ್ಟರು. ಶೋಚು ಅನ್ನುವ ಮದ್ಯಕ್ಕೆ ಸೋಡಾ, ನಿಂಬೆ ಹಾಕಿದ್ದು.

"ಕುಡಿದೆ ಮೇಡಂ. ನಿಂಬೆ ಶರಬತ್ತಿನ ಹಾಗೇ ಇತ್ತು. ಅಪ್ಪನ ಹತ್ರ ಬರ್ತಿದ್ದ ವಾಸನೆ ಇರಲಿಲ್ಲ. ಇನ್ನೊಂದು ಕುಡಿದೆ. ಆಮೇಲೆ ಎಷ್ಟು ಅಂತ ಲೆಕ್ಕ ಇಲ್ಲ. ಅವತ್ತು ಎಲ್ರ ಜೊತೆ ಮಾತಾಡಿದೆ, ನಕ್ಕೆ. ಚೆನ್ನಾಗಿತ್ತು ಮೇಡಂ. ಅದೇ ಭಯ."

ಅಪ್ಪನ ವಿಷಯ ಮೊದಲ ಸಲ ಬಂದದ್ದು ಆಗ. ಪ್ಯಾಕೆಟ್ ಸಾರಾಯಿ ಕುಡಿಯುತ್ತಿದ್ದ ಮನುಷ್ಯ. ಕರ್ನಾಟಕದಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಂತಾಗ ಹುಡುಗ ಇನ್ನೂ ಪ್ರೈಮರಿ ಶಾಲೆ. ಅಮ್ಮ ಪಾಯಸ ಮಾಡಿದ್ದರಂತೆ. ಸ್ವಲ್ಪ ದಿನದಲ್ಲೇ ಅಪ್ಪ ಬ್ರಾಂದಿ ಅಂಗಡಿ ಕಡೆ ತಿರುಗಿದ. ಮಗನಿಗೆ ಕೆಲಸ ಸಿಗುವ ಹೊತ್ತಿಗೆ ಅಪ್ಪ ಇರಲಿಲ್ಲ. ವಿಮಾನ ಹತ್ತುವ ಮುಂಚೆ ಅಮ್ಮ ತಲೆ ಮೇಲೆ ಕೈ ಇಡಿಸಿಕೊಂಡು, ಕುಡಿಯುವುದಿಲ್ಲ ಅಂತ ಆಣೆ ಮಾಡಿಸಿದ್ದರು.

ಹೀಗೆ ಒಂದು ರಾತ್ರಿಯ ಕುಡಿತಕ್ಕೆ ಅವನು ಇಡೀ ದೇಶದ ಅಡುಗೆಗೆ ಬೀಗ ಹಾಕಿಬಿಟ್ಟಿದ್ದ. ಗ್ಲಾಸಿಗೆ ಬೇಡ ಅನ್ನಲು ಬಾರದವನು ತಟ್ಟೆಗೆ ಬೇಡ ಅಂದ.

ಇಲ್ಲಿ ಸಲಹೆ ಕೊಡುವುದು ಸುಲಭ ಅನ್ನುವವರು ಎರಡು ಕಡೆಯೂ ಇದ್ದಾರೆ. ಒಂದು ಗ್ಲಾಸಿಗೆ ಇಷ್ಟು ರಾದ್ಧಾಂತ ಯಾಕೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಅನ್ನುವವರು ಒಂದು ಕಡೆ. ಇವರ ಮಾತನ್ನು ಈ ಹುಡುಗನ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಕುಡಿತದ ಚಟ ಅಂಟುವ ಅಪಾಯದಲ್ಲಿ ಸುಮಾರು ಅರ್ಧದಷ್ಟು ವಂಶದಿಂದ ಬರುತ್ತದೆ ಅಂತ ಅವಳಿ ಮಕ್ಕಳ, ದತ್ತು ಮಕ್ಕಳ ಮೇಲಿನ ಅಧ್ಯಯನಗಳು ಹೇಳುತ್ತವೆ. ಅಪ್ಪ ಕುಡುಕ ಆದರೆ ಮಗನೂ ಆಗೇ ಆಗುತ್ತಾನೆ ಅಂತಲ್ಲ, ಬಹುಪಾಲು ಮಕ್ಕಳು ಆಗುವುದಿಲ್ಲ. ಆದರೆ ಮೊದಲ ದಿನವೇ ಲೆಕ್ಕ ತಪ್ಪುವಷ್ಟು ಕುಡಿದು, ಅದು ಹಿತವಾಗಿತ್ತು ಅನ್ನುವವನಿಗೆ "ಮಿತವಾಗಿ ಕುಡಿ" ಅನ್ನಲು ನನಗೆ ಬಾಯಿ ಬರುವುದಿಲ್ಲ. ಅಲ್ಲಿ 9 ಶೇಕಡಾ ಆಲ್ಕೋಹಾಲ್ ಇರುವ ನಿಂಬೆ ಡಬ್ಬಿ ರಾತ್ರಿ ಎರಡು ಗಂಟೆಗೂ ಮೂಲೆ ಅಂಗಡಿಯಲ್ಲಿ ಸಿಗುತ್ತದೆ.

ಎಲ್ಲ ಬಿಟ್ಟು ಊರಿಗೆ ಬಂದುಬಿಡಲಿ ಅನ್ನುವವರು ಇನ್ನೊಂದು ಕಡೆ. ಊರಲ್ಲಿ ಬಾರ್ ಇಲ್ಲವೇ?

ನಾನು ಕೊಟ್ಟ ಸಲಹೆ ಇಷ್ಟು. ಕುಡಿಯಬೇಡಿ, ಆದರೆ ಪಾರ್ಟಿಗೆ ಹೋಗಿ. ಯಾಕೆಂದರೆ ಅವನಿಗೆ ಅವತ್ತು ಬೇಕಾಗಿದ್ದದ್ದು ಶೋಚು ಅಲ್ಲ, ಜೊತೆಗೆ ಕೂತು ನಗುವ ಜನ. ಅವರನ್ನೂ ಕಳೆದುಕೊಂಡು ಕೋಣೆಯಲ್ಲಿ ಒಬ್ಬನೇ ಮುದ್ದೆ ನುಂಗುತ್ತಾ ಕೂತರೆ, ಮುಂದೊಂದು ದಿನ ಮೂಲೆ ಅಂಗಡಿಯ ಡಬ್ಬಿ ಇನ್ನೂ ಹತ್ತಿರ ಆಗುತ್ತದೆ. ಹೋಗುವ ಮುಂಚೆ ಹೊಟ್ಟೆಗೆ ಏನಾದರೂ ಹಾಕಿಕೊಂಡಿರಿ. ಊಲಾಂಗ್ ಟೀ ತರಿಸಿಕೊಳ್ಳಿ, ಕುಡಿಯದವರು ಅಲ್ಲಿ ಮಾಮೂಲಿಯಾಗಿ ತರಿಸುವುದು ಅದನ್ನೇ. ಕೇಳುವಾಗ "ಊರೊನ್‌ಚಾ" ಅಂತ ಸ್ಪಷ್ಟವಾಗಿ ಹೇಳಿ. "ಊರೊನ್‌ಹೈ" ಅಂದರೆ ಅದೇ ಟೀಗೆ ಶೋಚು ಬೆರೆಸಿ ತರುತ್ತಾರೆ, ನೋಡಲು ಎರಡೂ ಒಂದೇ. ಗ್ಲಾಸನ್ನು ತುಂಬಿದ ಹಾಗೇ ಇಟ್ಟುಕೊಳ್ಳಿ, ತುಂಬಿದ ಗ್ಲಾಸಿಗೆ ಯಾರೂ ಸುರಿಯುವುದಿಲ್ಲ. ಮೊದಲ ಸುತ್ತು ಮುಗಿದ ಮೇಲೆ ಕೆಲವರು ಎರಡನೇ ಜಾಗಕ್ಕೆ ಹೊರಡುತ್ತಾರೆ. ಮನೆಗೆ ಹೊರಡಲು ಅದೇ ಸರಿಯಾದ ಹೊತ್ತು, ಯಾರೂ ತಪ್ಪು ತಿಳಿಯುವುದಿಲ್ಲ.

ಕಾರಣ ಏನು ಹೇಳಲಿ, ಡಾಕ್ಟರ್ ಬೇಡ ಅಂದಿದ್ದಾರೆ ಅನ್ನಲಾ ಅಂತ ಕೇಳಿದ. ಬೇಡ ಅಂದೆ. ಒಂದು ಸುಳ್ಳಿಗೆ ಕಾವಲು ಕೂರುವುದು ಇನ್ನೊಂದು ಕೆಲಸ. "ನನಗೆ ಕುಡಿಯೋಕೆ ಆಗಲ್ಲ" ಅನ್ನಿ, ಸಾಕು. ಜಪಾನಿನವರಲ್ಲೇ ಹತ್ತರಲ್ಲಿ ಸುಮಾರು ನಾಲ್ವರಿಗೆ ಹುಟ್ಟಿನಿಂದಲೇ ಆಲ್ಕೋಹಾಲ್ ಸರಿಯಾಗಿ ಅರಗುವುದಿಲ್ಲ, ಮುಖ ಕೆಂಪಾಗಿ ಎದೆ ಬಡಿದುಕೊಳ್ಳುತ್ತದೆ. ಹಾಗಾಗಿ ಈ ಮಾತು ಅವರಿಗೆ ಹೊಸದಲ್ಲ. ಬಲವಂತವಾಗಿ ಕುಡಿಸುವುದನ್ನು ಕಿರುಕುಳ ಅಂತಲೇ ಕರೆಯುವ ಕಾಲ ಅಲ್ಲಿ ಬಂದಿದೆ. ಅಪ್ಪನ ಕತೆ ಹೇಳಬೇಕಾ ಅಂದ. ಅದನ್ನೂ ಬೇಡ ಅಂದೆ. ಬೇಡ ಅನ್ನುವ ಹಕ್ಕಿಗೆ ಮನೆಯ ನೋವನ್ನು ಬೆಲೆಯಾಗಿ ಕೊಡಬೇಕಾಗಿಲ್ಲ. ಇದು ನನ್ನ ಗಟ್ಟಿ ನಂಬಿಕೆ. ಸುಮ್ನೆ ಎಲ್ಲವನ್ನೂ ಬಿಚ್ಚಿಟ್ಟುಕೊಳ್ಳುವುದೇ ಧೈರ್ಯ ಅನ್ನುವವರ ಜೊತೆ ನಾನು ಜಗಳವಾಡಿದ್ದೇನೆ.

ಮಿರಿನ್ ಬಗ್ಗೆಯೂ ಮಾತಾಡಿದೆವು. ಕುದಿಸಿದಾಗ ಅದರ ಆಲ್ಕೋಹಾಲ್ ಬಹುಪಾಲು ಆವಿಯಾಗುತ್ತದೆ, ಉಳಿಯುವುದು ಸಿಹಿ. ಧರ್ಮಕ್ಕಾಗಿ ಬಿಡುವವರ ಲೆಕ್ಕ ಬೇರೆ. ಚಟಕ್ಕೆ ಚಿಕಿತ್ಸೆ ಪಡೆಯುತ್ತಿರುವವರು ತಮ್ಮ ವೈದ್ಯರ ಮಾತು ಕೇಳಬೇಕು. ಇವನಿಗೆ ಇವೆರಡೂ ಅನ್ವಯ ಆಗುವುದಿಲ್ಲ. ಉದೋನ್ ತಿಂದರೆ ಆಣೆ ಮುರಿಯುವುದಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುದ್ದೆ ಬಿಡಬೇಕಾ?" ಅಂದ. ಯಾಕಪ್ಪ ಬಿಡಬೇಕು? ರಾತ್ರಿಗೆ ಇರಲಿ. ಮಧ್ಯಾಹ್ನದ ಊಟ ಮಾತ್ರ ಜನರ ಜೊತೆ ಆಗಲಿ.

ಈಗ ತಿನ್ನುತ್ತಿದ್ದಾನೆ. ತೂಕ ಸ್ವಲ್ಪ ಮರಳಿದೆ. ಮಾತುಕತೆ ಇನ್ನೂ ನಡೆದಿದೆ, ಅಪ್ಪನ ವಿಷಯ ಈಗ ತಾನೇ ಶುರುವಾಗಿದೆ.

ನಡುವೆ ಅವನ ಅಮ್ಮ ನನಗೆ ಫೋನ್ ಮಾಡಿದ್ದರು. "ಅವನು ಕುಡೀತಿದ್ದಾನಾ ಹೇಳಿ ಮೇಡಂ, ನಾನು ಯಾರಿಗೂ ಹೇಳಲ್ಲ." ಅವರ ಭಯ ನನಗೆ ಗೊತ್ತು, ಆದರೂ ಹೇಳಲಿಲ್ಲ. ಕುಡಿದಿಲ್ಲ ಅಂತಲೂ ಹೇಳಲಿಲ್ಲ. ಮಗ ನನ್ನ ಮುಂದೆ ಆಡಿದ ಮಾತು ಮಗನದು. ಇದಕ್ಕೆ ಅವರು ಸಿಟ್ಟಾದರು, ಆಗಲಿ. ಆಣೆ ಹಾಕಿಸಿದ ಮೇಲೆ ಮಗನಿಗೆ ತಪ್ಪನ್ನು ಹೇಳಿಕೊಳ್ಳಲು ದಾರಿ ಉಳಿದಿಲ್ಲ, ಆಣೆ ವಾಪಸ್ ತಗೊಳ್ಳಿ ಅಂತಷ್ಟೇ ಅಂದೆ. ತಂದೆ ತಾಯಂದಿರಿಗೆಲ್ಲ ನಾನು ಹೇಳುವುದೂ ಅದನ್ನೇ. ಊಟ ಆಯ್ತಾ ಅಂತ ಕೇಳುವಾಗ ಯಾರ ಜೊತೆ ಆಯ್ತು ಅಂತಲೂ ಕೇಳಿ.

ಈ ಹುಡುಗ ಒಂದು ರಾತ್ರಿಗೇ ಹೆದರಿದ್ದ, ಹಾಗಾಗಿ ಮಾತಿನಲ್ಲೇ ದಾರಿ ಸಿಕ್ಕಿತು. ಈಗಾಗಲೇ ಕೋಣೆಯಲ್ಲಿ ಒಬ್ಬರೇ ಕುಡಿಯುತ್ತಿದ್ದರೆ, ಕುಡಿಯದಿದ್ದ ದಿನ ಕೈ ನಡುಗುತ್ತಿದ್ದರೆ, ಇಲ್ಲಿ ಬರೆದ ಸಲಹೆ ಸಾಲದು. ಅಂಥವರು ತಟ್ಟನೆ ಕುಡಿತ ನಿಲ್ಲಿಸುವುದೂ ಅಪಾಯ, ವೈದ್ಯರನ್ನೇ ನೋಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟಗಳ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವೇ ಇದೆ. ಊರಲ್ಲಿರುವ ಮನೆಯವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು.