ಇಂಬಳ ತಲೆಯೆತ್ತಿದ ಹಾಗೆ

ಪ್ರಶ್ನೆ: ಮೇಷ್ಟ್ರೇ, ಮರಗಸಿ (ತೋಟದ ಮರದ ಕೊಂಬೆ ಸವರುವುದು) ಮಾಡುವಾಗ ನಮ್ಮ ಅಪ್ಪನ ಮಣಿಕಟ್ಟಿಗೆ ಕತ್ತಿ ತಾಗಿ ನರ ತುಂಡಾಯಿತು. ಡಾಕ್ಟರು ಜೋಡಿಸಿದ್ದಾರೆ. ‘ದಿನಕ್ಕೆ ಒಂದು ಮಿಲಿಮೀಟರ್ ಬೆಳೆಯುತ್ತೆ, ಕಾಯಬೇಕು’ ಅಂತಾರೆ. ನರಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಕಿರುಬೆರಳಿನ ತುದಿಗೇ ಹೋಗಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ? ಮನೆಯಲ್ಲಿ ನಾವೇನಾದರೂ ಮಾಡಬಹುದಾ?
— ಆಲ್ದೂರಿನ ಓದುಗರು

ಉತ್ತರ: ನಿಮ್ಮ ಕಾಗದ ಓದುತ್ತಾ ನನ್ನ ಎಡಗೈ ನೋಡಿಕೊಂಡೆ. ಐದು ವರ್ಷದ ಹಿಂದೆ ಸಕಲೇಶಪುರದ ಹತ್ತಿರ ನಮ್ಮ ಒಂದೂವರೆ ಎಕರೆ ತೋಟದಲ್ಲಿ ಹಲಸಿನಹಣ್ಣು ಕೊಯ್ಯಲು ಹೋಗಿ ನಾನೂ ಇದೇ ಜಾಗಕ್ಕೆ ಕತ್ತಿ ಹಾಕಿಕೊಂಡೆ. ಹಾಸನದಲ್ಲಿ ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವನು ನಾನು. ನರದ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೆನೋ! ಮೊದಲು ಹೋದ ಕಡೆ ಬರೀ ಚರ್ಮ ಹೊಲಿದು ಕಳಿಸಿದರು. ನಾನೂ ಸುಮ್ನೆ ಮನೆಗೆ ಬಂದೆ. ಬಿಸಿ ಕಾಫಿ ಲೋಟ ತಾಗಿ ಕಿರುಬೆರಳಿನಲ್ಲಿ ಬೊಬ್ಬೆ ಎದ್ದಿತು, ನನಗೆ ಗೊತ್ತೇ ಆಗಲಿಲ್ಲ. ಆಗ ಬುದ್ಧಿ ಬಂತು. ಇನ್ನೊಂದು ಕಡೆ ಮತ್ತೆ ಬಿಚ್ಚಿ ನರ ಜೋಡಿಸಿದರು.

ಜೋಡಿಸಿದರು ಅಂದೆ, ಆದರೆ ವೈರು ಜೋಡಿಸಿದ ಹಾಗಲ್ಲ ಅದು. ನರ ಅಂದರೆ ಒಂದು ಕಟ್ಟು. ಒಳಗೆ ಸಾವಿರಾರು ಎಳೆಗಳು. ಒಂದೊಂದು ಎಳೆಯೂ ಒಂದೊಂದು ಜೀವಕೋಶದ ಉದ್ದನೆಯ ಬಾಲ, ಅದಕ್ಕೆ ಆಕ್ಸಾನ್ ಅಂತಾರೆ. ಕೈಯ ಎಳೆಗಳ ಮೂಲಕೋಶ ಇರುವುದು ಕತ್ತಿನ ಹತ್ತಿರ, ಬೆನ್ನುಹುರಿಯಲ್ಲಿ ಮತ್ತು ಅದರ ಪಕ್ಕದಲ್ಲಿ. ಎಳೆ ತುಂಡಾದರೆ ಮೂಲದಿಂದ ಬೇರೆಯಾದ ಭಾಗ ಕರಗಿಹೋಗುತ್ತದೆ. ಆಗಸ್ಟಸ್ ವಾಲರ್ 1850ರಲ್ಲೇ ಕಪ್ಪೆಯ ನಾಲಿಗೆಯ ನರ ಕತ್ತರಿಸಿ ಇದನ್ನು ತೋರಿಸಿದ್ದ. ಎಳೆ ಹೋದರೂ ಅದು ಮಲಗಿದ್ದ ಕೊಳವೆ ಉಳಿಯುತ್ತದೆ. ಡಾಕ್ಟರು ಹೊಲಿಯುವುದು ಈ ಕೊಳವೆಗಳ ಕಟ್ಟನ್ನು. ಎಳೆ ಮಣಿಕಟ್ಟಿನಿಂದ ಹೊಸದಾಗಿ ಹೊರಡಬೇಕು. ಒಂದು ಗೇಣು ದೂರಕ್ಕೆ ಆರೇಳು ತಿಂಗಳು.

ಹೊರಟ ಎಳೆಯ ತುದಿ ಹೇಗಿರುತ್ತದೆ? ಮಳೆಗಾಲದಲ್ಲಿ ತೋಟದ ಕಾಲುದಾರಿಯಲ್ಲಿ ಇಂಬಳ, ಅಂದರೆ ನೆಲದ ಜಿಗಣೆ, ನೋಡಿದ್ದೀರಲ್ಲ. ಎಲೆಯ ಮೇಲೆ ಬಾಲ ಊರಿಕೊಂಡು, ತಲೆಯೆತ್ತಿ ಅತ್ತ ಇತ್ತ ಆಡಿಸುತ್ತದೆ. ನಮ್ಮ ಉಸಿರು, ಮೈಬಿಸಿ ಎತ್ತ ಜಾಸ್ತಿಯೋ ಅತ್ತ ಬರುತ್ತದೆ. ಕಾಲಿಗೆ ಹೊಗೆಸೊಪ್ಪು ಸುಣ್ಣ ಹಚ್ಚಿದ್ದರೆ ಮುದುಡಿಕೊಂಡು ಹಿಂದೆ ಸರಿಯುತ್ತದೆ. ನರದ ಎಳೆಯ ತುದಿಯೂ ಹೆಚ್ಚುಕಡಿಮೆ ಹೀಗೇ. ಸಣ್ಣ ಅಂಗೈಯಂತೆ ಅಗಲವಾಗಿರುತ್ತದೆ, ಅದರಿಂದ ಕೂದಲಿಗಿಂತ ತೆಳುವಾದ ಬೆರಳುಗಳು ಹೊರಗೆ ಚಾಚಿ ತಡವರಿಸುತ್ತವೆ. ಆ ಬೆರಳುಗಳ ಮೈಮೇಲೆ ರಾಸಾಯನಿಕಗಳನ್ನು ಹಿಡಿಯುವ ಪ್ರೋಟೀನ್‌ಗಳಿವೆ. ಇಷ್ಟವಾದದ್ದು ಸಿಕ್ಕಿದ ಕಡೆ ಒಳಗಿನ ಆಕ್ಟಿನ್ ಅನ್ನುವ ಪ್ರೋಟೀನ್ ನಾರುಗಳು ಕಟ್ಟಿಕೊಂಡು ತುದಿ ಮುಂದೆ ಹೋಗುತ್ತದೆ. ಆಗದ್ದು ಸಿಕ್ಕಿದ ಕಡೆ ನಾರು ಬಿಚ್ಚಿಕೊಂಡು ಆ ಬೆರಳು ಕುಸಿಯುತ್ತದೆ. ಅಂದರೆ ಎಳೆಗೆ ದಾರಿ ಗೊತ್ತಿಲ್ಲ. ದಾರಿಯೇ ಅದಕ್ಕೆ ಹೆಜ್ಜೆಹೆಜ್ಜೆಗೂ ಹೇಳಿಕೊಡುತ್ತದೆ.

ಈ ತುದಿಯನ್ನು ಮೊದಲು ಗುರುತಿಸಿದ್ದು ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್, 1890ರಲ್ಲಿ. ಅವನ ಮುಂದೆ ಇದ್ದದ್ದು ಬಣ್ಣ ಹಾಕಿದ ಕೋಳಿ ಭ್ರೂಣದ ಸತ್ತ ಚೂರುಗಳು. ಅಲುಗಾಡದ ಚಿತ್ರ ನೋಡಿ, ಇದು ನಡೆಯುತ್ತಿತ್ತು ಅಂತ ಊಹಿಸಿದ. ರಾಸಾಯನಿಕಗಳು ಇದನ್ನು ಸೆಳೆಯುತ್ತಿರಬಹುದು ಅಂತಲೂ ಹೇಳಿದ. ನನಗೆ ಇಡೀ ಕಥೆಯಲ್ಲಿ ಇಷ್ಟವಾಗುವ ಮನುಷ್ಯ ಇವನೇ. ರಾಸಾಯನಿಕದ ಊಹೆ ಸರಿ ಅಂತ ಗಟ್ಟಿಯಾಗಲು ನೂರು ವರ್ಷ ಹಿಡಿಯಿತು. 1994ರಲ್ಲಿ ಮಾರ್ಕ್ ಟೆಸಿಯೆ-ಲವೀನ್ ತಂಡ ಸಾವಿರಾರು ಕೋಳಿ ಭ್ರೂಣಗಳ ಮಿದುಳು ಅರೆದು ಸೆಳೆಯುವ ಎರಡು ಪ್ರೋಟೀನ್‌ಗಳನ್ನು ಬೇರ್ಪಡಿಸಿತು. ಅವಕ್ಕೆ ಇಟ್ಟ ಹೆಸರು ನೆಟ್ರಿನ್. ಎಲ್ಲಿಂದ ಬಂತು ಗೊತ್ತಾ? ಸಂಸ್ಕೃತದ ‘ನೇತೃ’, ದಾರಿ ತೋರುವವನು. ನಮ್ಮ ನೇತಾರರ ನೇತೃವೇ! ಇದು ಹೇಳಿದಾಗಲೆಲ್ಲ ತರಗತಿಯಲ್ಲಿ ಹಿಂದಿನ ಬೆಂಚಿನವರೂ ನಗುತ್ತಿದ್ದರು.

ಸೆಳೆತ ಒಂದೇ ಇದ್ದರೆ ಎಳೆ ಅಲ್ಲೇ ಅಂಟಿ ಕೂರಬೇಕಿತ್ತು. ಭ್ರೂಣದ ಬೆನ್ನುಹುರಿಯಲ್ಲಿ ಕೆಲವು ಎಳೆಗಳು ನೆಟ್ರಿನ್ ವಾಸನೆ ಹಿಡಿದು ಎಡಬಲಗಳ ಮಧ್ಯದ ನಡುಗೆರೆಗೆ ಬರುತ್ತವೆ, ದಾಟುತ್ತವೆ, ಮತ್ತೆ ಈ ಕಡೆ ಬರುವುದೇ ಇಲ್ಲ. ಯಾಕೆಂದರೆ ಅದೇ ನಡುಗೆರೆಯಿಂದ ಸ್ಲಿಟ್ ಅನ್ನುವ, ದೂರ ತಳ್ಳುವ ಪ್ರೋಟೀನ್ ಕೂಡ ಹೊರಡುತ್ತದೆ. ದಾಟುವ ತನಕ ಎಳೆಗೆ ಅದು ಅಷ್ಟಾಗಿ ತಟ್ಟುವುದಿಲ್ಲ. ದಾಟಿದ ಮೇಲೆ ಅದನ್ನು ಹಿಡಿಯುವ ರೋಬೋ ಪ್ರೋಟೀನ್ ತುದಿಯಲ್ಲಿ ಜಾಸ್ತಿಯಾಗುತ್ತದೆ, ಹೊಗೆಸೊಪ್ಪು ಮೂಗಿಗೆ ಬಡಿಯುತ್ತದೆ. ರೋಬೋ ಕೆಟ್ಟಿರುವ ಹಣ್ಣುನೊಣಗಳಲ್ಲಿ ಎಳೆಗಳು ಸರ್ಕಲ್ಲಿನಲ್ಲಿ ದಾರಿ ತಪ್ಪಿದ ಸ್ಕೂಟರಿನ ಹಾಗೆ ನಡುಗೆರೆಯನ್ನು ಸುತ್ತಿ ಸುತ್ತಿ ದಾಟುತ್ತವೆ.

ಇದೆಲ್ಲ ಭ್ರೂಣದ ಮಾತು. ನಿಮ್ಮ ತಂದೆಯವರ ಕೈಯಲ್ಲಿ ಮುಖ್ಯ ಕೆಲಸ ಆ ಹಳೇ ಕೊಳವೆಗಳದ್ದು. ಒಳಗೆ ಸಾಲಾಗಿ ನಿಂತ, ಎಳೆಗಳಿಗೆ ಹೊದಿಕೆ ಹಾಕುವ ಶ್ವಾನ್ ಕೋಶಗಳು ಬೆಳವಣಿಗೆಯ ಪ್ರೋಟೀನ್‌ಗಳನ್ನು ಸುರಿಸಿ ಎಳೆಯನ್ನು ಕರೆಯುತ್ತವೆ. ಅವುಗಳಲ್ಲಿ ಒಂದು ಎನ್‌ಜಿಎಫ್. ಇದರ ಶೋಧಕ್ಕೆ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟಾನ್ಲಿ ಕೊಹೆನ್ ಅವರಿಗೆ 1986ರ ನೊಬೆಲ್ ಬಂತು. ಎಡವಟ್ಟೂ ಆಗುತ್ತದೆ. ಎಳೆ ಪಕ್ಕದ ಕೊಳವೆಗೆ ನುಗ್ಗಿದರೆ ತಲುಪುವುದು ಬೇರೆ ಮನೆಗೆ. ಮುಖದ ನರಕ್ಕೆ ಪೆಟ್ಟಾದ ಕೆಲವರಲ್ಲಿ ಜೊಲ್ಲಿನ ಗ್ರಂಥಿಗೆ ಹೋಗಬೇಕಾದ ಎಳೆ ಕಣ್ಣೀರಿನ ಗ್ರಂಥಿಗೆ ಹೋಗಿಬಿಡುತ್ತದೆ. ಪಾಪ, ಅವರಿಗೆ ಊಟಕ್ಕೆ ಕೂತರೆ ಕಣ್ಣೀರು. ನನಗೆ ಉಂಗುರದ ಬೆರಳಿನ ಅಂಚು ಮುಟ್ಟಿದರೆ ಇವತ್ತಿಗೂ ಕಿರುಬೆರಳು ಮುಟ್ಟಿದ ಹಾಗೆ ಅನ್ನಿಸುತ್ತದೆ.

ಮನೆಯಲ್ಲಿ ಮಾಡುವುದು ಇದೆ. ಮೊದಲನೆಯದು, ಆ ಬೆರಳನ್ನು ಒಲೆಯಿಂದ, ಬಿಸಿ ಪಾತ್ರೆಯಿಂದ ಕಾಪಾಡಿ. ನನ್ನ ಬೊಬ್ಬೆ ನೆನಪಿರಲಿ. ಹೊಲಿಗೆ ಮಾಗಿದ ಮೇಲೆ ಗಾಯದಿಂದ ಕೆಳಗೆ ಮೆಲ್ಲಗೆ ತಟ್ಟುತ್ತಾ ಹೋದರೆ, ಎಳೆ ತಲುಪಿರುವ ಜಾಗದಲ್ಲಿ ಕರೆಂಟ್ ಹೊಡೆದಂತೆ ಜುಂ ಅನ್ನುತ್ತದೆ. ಡಾಕ್ಟರೂ ಹೀಗೇ ನೋಡುತ್ತಾರೆ. ನಾನು ಪ್ರತಿ ಭಾನುವಾರ ಅಲ್ಲೊಂದು ಪೆನ್ನಿನ ಗೆರೆ ಹಾಕಿ ಅಳೆಯುತ್ತಿದ್ದೆ. ಕೆಲವು ವಾರ ಗೆರೆ ಅಲುಗಲೇ ಇಲ್ಲ, ಮನೆಯಲ್ಲಿ ಎಲ್ಲರ ಮೇಲೂ ರೇಗಾಡಿದೆ. ಸ್ಪರ್ಶ ಬರಲು ಶುರುವಾದ ಮೇಲೆ ಫಿಸಿಯೋಥೆರಪಿಯವರು ಹೇಳಿದಂತೆ ನಮ್ಮ ಮನೆಯವರು ಮೂರು ಬಟ್ಟಲಲ್ಲಿ ರಾಗಿ, ಹುರುಳಿ, ಅವರೆಕಾಳು ಇಡುತ್ತಿದ್ದರು. ಕಣ್ಣು ಮುಚ್ಚಿ ಯಾವುದು ಅಂತ ಹೇಳಬೇಕು. ಹೊಸದಾಗಿ ಬರುವ ಸುದ್ದಿಯನ್ನು ಮಿದುಳು ಮತ್ತೆ ಓದಲು ಕಲಿಯಬೇಕಲ್ವಾ? ಅವರೆ ಬೇಗ ಗೊತ್ತಾಯಿತು. ರಾಗಿಗೆ ಒಂದು ವರ್ಷ ಬೇಕಾಯಿತು.

ಪ್ರಶ್ನೆ: ತೆಂಗಿನ ಮರದಿಂದ ಬಿದ್ದ ನಮ್ಮಣ್ಣನಿಗೆ ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಕೈಯ ನರ ಬೆಳೆಯುತ್ತದೆ ಅಂದಮೇಲೆ ಬೆನ್ನುಹುರಿ ಯಾಕೆ ಬೆಳೆಯುವುದಿಲ್ಲ?
— ಅರಸೀಕೆರೆಯ ಓದುಗರು

ಉತ್ತರ: ಅಲ್ಲಿ ಕರೆಯುವವರು ಕಡಿಮೆ, ತಡೆಯುವವರು ಜಾಸ್ತಿ. ಮಿದುಳು ಮತ್ತು ಬೆನ್ನುಹುರಿಯಲ್ಲಿ ಶ್ವಾನ್ ಕೋಶಗಳ ಬದಲು ಬೇರೆ ಕೋಶಗಳು ಎಳೆಗಳಿಗೆ ಹೊದಿಕೆ ಹಾಕುತ್ತವೆ. ಆ ಹೊದಿಕೆಯಲ್ಲೇ ಬೆಳವಣಿಗೆ ನಿಲ್ಲಿಸುವ ಪ್ರೋಟೀನ್‌ಗಳಿವೆ. ಒಂದರ ಹೆಸರು ನೋಗೋ. ಇಂಗ್ಲಿಷಿನಲ್ಲಿ ಅದರರ್ಥವೇ ‘ಹೋಗುವಂತಿಲ್ಲ’. ಜೊತೆಗೆ ಪೆಟ್ಟಾದ ಜಾಗದಲ್ಲಿ ಗಾಯದ ಗಂಟು ಕಟ್ಟುತ್ತದೆ. ದೊಡ್ಡವರ ಎಳೆಗಳಿಗೆ ಅಲ್ಲಿ ಬೆಳೆಯುವ ಹುಮ್ಮಸ್ಸೂ ಕಡಿಮೆ. ಕಣ್ಣಿನ ನರವೂ ಮಿದುಳಿನದೇ ಭಾಗ, ಆದರೆ ಕಪ್ಪೆಗೆ ಅದನ್ನು ಕತ್ತರಿಸಿದರೂ ಮತ್ತೆ ಬೆಳೆಯುತ್ತದೆ. 1940ರ ದಶಕದಲ್ಲಿ ರೋಜರ್ ಸ್ಪೆರಿ ನರ ಕತ್ತರಿಸಿ, ಕಣ್ಣುಗುಡ್ಡೆಯನ್ನೂ ತಲೆಕೆಳಗಾಗಿ ತಿರುಗಿಸಿಟ್ಟರು. ನರ ತನ್ನ ಹಳೇ ಜಾಗಕ್ಕೇ ಹೋಗಿ ಸೇರಿತು. ಪಾಪದ ಕಪ್ಪೆ ಮೇಲಿದ್ದ ನೊಣಕ್ಕೆ ಕೆಳಗೆ ನಾಲಿಗೆ ಚಾಚಿತು. ನಮ್ಮ ಬೆನ್ನುಹುರಿಗೆ ಆ ಭಾಗ್ಯ ಇಲ್ಲ. ನೋಗೋಗೆ ಅಡ್ಡ ಹಾಕುವ ಔಷಧಿಗಳ ಪರೀಕ್ಷೆ ಮನುಷ್ಯರ ಮೇಲೂ ನಡೆದಿದೆ.

ಇಂಜೆಕ್ಷನ್ ಕೊಟ್ಟು ಎಬ್ಬಿಸಿ ನಡೆಸುತ್ತೇವೆ ಅನ್ನುವ ಜಾಹೀರಾತು ನೋಡಿ ತೋಟ ಅಡ ಇಡಬೇಡಿ. ಹಣ ಕೊಡುವ ಮುಂಚೆ ನರರೋಗ ತಜ್ಞರೊಬ್ಬರಿಗೆ ಆ ಜಾಹೀರಾತು ತೋರಿಸಿ. ಸದ್ಯಕ್ಕೆ, ಮಲಗಿದ್ದಾಗ ಎರಡು ಗಂಟೆಗೊಮ್ಮೆ ಅಣ್ಣನ ಮಗ್ಗುಲು ಬದಲಿಸುತ್ತಿದ್ದೀರಾ? ಸೊಂಟದ ಕೆಳಗೆ ಹುಣ್ಣಾದರೆ ಅವರಿಗೆ ನೋವು ಗೊತ್ತಾಗದೆ ಇರಬಹುದು, ನೀವೇ ದಿನಾ ನೋಡಬೇಕು.