ಬ್ರೌಸರ್‌ನಲ್ಲಿ ಪ್ಯಾಕ್ ಮಾಡಿ ಪಿಎಚ್‌ಪಿಯಲ್ಲಿ ಅನ್‌ಪ್ಯಾಕ್ ಮಾಡಲು ಬಿಗ್ ಎಂಡಿಯನ್ ಒಳ್ಳೆಯದಾ, ಲಿಟಲ್ ಎಂಡಿಯನ್ನಾ?

ಫಾರ್ಮ್ ಡೇಟಾ ಜೇಸನ್‌ನಲ್ಲಿ (ಡೇಟಾವನ್ನು ಪಠ್ಯವಾಗಿ ಬರೆಯುವ ಫಾರ್ಮ್ಯಾಟ್) ಭಾರ ಆಗುತ್ತಿದೆ, ಬೈನರಿಗೆ ಹೋಗಬೇಕು, ಅಂದರೆ ಬ್ರೌಸರ್‌ನಲ್ಲಿ ಬೈಟ್‌ಗಳಾಗಿ ಪ್ಯಾಕ್ ಮಾಡಿ ಸರ್ವರ್‌ನ ಪಿಎಚ್‌ಪಿ ಕೋಡ್‌ನಲ್ಲಿ ಬಿಡಿಸಬೇಕು ಅಂತಿದ್ದೇನೆ, ಎಂಡಿಯನ್ ಯಾವುದು ಇಟ್ಟುಕೊಳ್ಳಲಿ ಅಂತ ಕೇಳಿದ್ದೀರಿ. ಎಂಡಿಯನ್ ಅಂದರೆ ಒಂದು ಸಂಖ್ಯೆಯ ಬೈಟ್‌ಗಳ ಕ್ರಮ: ದೊಡ್ಡ ಬೆಲೆಯ ಬೈಟ್ ಮೊದಲು ಬಂದರೆ ಬಿಗ್, ಚಿಕ್ಕದು ಮೊದಲು ಬಂದರೆ ಲಿಟಲ್. ಕೆಲವು ವರ್ಷಗಳ ಹಿಂದೆ ನಾನೂ ಇದೇ ಜಾಗದಲ್ಲಿ ನಿಂತಿದ್ದೆ. ಎಂಡಿಯನ್ ಬಗ್ಗೆ ಎರಡು ದಿನ ಓದಿ, ಅದನ್ನು ಸರಿಯಾಗಿಯೇ ಮಾಡಿದೆ. ಆದರೂ 400ಕ್ಕೂ ಹೆಚ್ಚು ಜನ ಕೊಟ್ಟ ಉತ್ತರಗಳನ್ನು ಕಳೆದುಕೊಂಡೆ. ಅದನ್ನೇ ಹೇಳುತ್ತೇನೆ, ಯಾಕೆಂದರೆ ಅದಕ್ಕೆ ಕಾರಣವಾದ ಒಂದು ಸಾಲು ನೀವು ಹಾಕಿರುವ ಕೋಡ್‌ನಲ್ಲೂ ಇದೆ.

ನಮ್ಮದು ಒಂದು ಸಮೀಕ್ಷೆ ಆ್ಯಪ್. ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನ ಬ್ರೌಸರ್‌ನಲ್ಲಿ ಫಾರ್ಮ್ ತುಂಬಬೇಕು, ಸಿಗ್ನಲ್ ಸಿಕ್ಕಾಗ ಸರ್ವರ್‌ಗೆ ಹೋಗಬೇಕು. ಒಬ್ಬೊಬ್ಬರ ದಾಖಲೆಯಲ್ಲಿ ಇದ್ದದ್ದು ಇಷ್ಟೇ: ಹೆಸರು, ಸಮಯ, ಎಂಟು ಹೌದು-ಇಲ್ಲ ಪ್ರಶ್ನೆಗಳು. ಜೇಸನ್‌ನಲ್ಲಿ ಇದು ನೂರು ಬೈಟ್‌ನ ಹತ್ತಿರ ಬರುತ್ತಿತ್ತು. ನಾನು ಹೀಗೆ ಪ್ಯಾಕ್ ಮಾಡಿದೆ. ಮೊದಲ ಬೈಟ್‌ನಲ್ಲಿ ಹೆಸರಿನ ಉದ್ದ. ಆಮೇಲೆ ಹೆಸರು. ಆಮೇಲೆ ನಾಲ್ಕು ಬೈಟ್‌ನಲ್ಲಿ ಸಮಯ, ಅಂದರೆ 1970ರಿಂದ ಎಣಿಸಿದ ಸೆಕೆಂಡುಗಳು. ಕೊನೆಗೆ ಒಂದೇ ಬೈಟ್, ಅದರ ಎಂಟು ಬಿಟ್‌ಗಳಲ್ಲಿ ಎಂಟು ಉತ್ತರ. ಒಂದು ದಾಖಲೆ 15ರಿಂದ 30 ಬೈಟ್. ತುಂಬಾ ಖುಷಿಯಾಗಿತ್ತು.

ಈಗ ಆ ಸಾಲು. ಮೊದಲ ಬೈಟ್‌ಗೆ ನಾನು ಬರೆದದ್ದು ನೇಮ್ ಡಾಟ್ ಲೆಂಗ್ತ್, ಅಂದರೆ ಜಾವಾಸ್ಕ್ರಿಪ್ಟ್ ಎಣಿಸುವ ಹೆಸರಿನ ಉದ್ದ. ಹೆಸರನ್ನು ಮಾತ್ರ ಟೆಕ್ಸ್ಟ್‌ಎನ್‌ಕೋಡರ್‌ಗೆ ಕೊಟ್ಟು ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಬೈಟ್‌ಗಳಾಗಿ ಮಾಡಿ ಬರೆದೆ. ಎರಡೂ ಸಾಲು ಅಕ್ಕಪಕ್ಕದಲ್ಲೇ ಇದ್ದವು. ಒಂದು ಅಕ್ಷರ ಎಣಿಸುತ್ತೆ, ಇನ್ನೊಂದು ಬೈಟ್ ಬರೆಯುತ್ತೆ. ಟೆಸ್ಟ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೆಸರು ಟೈಪ್ ಮಾಡಿದ್ದೆ. ಇಂಗ್ಲಿಷ್ ಅಕ್ಷರಕ್ಕೆ ಯುಟಿಎಫ್-8ರಲ್ಲಿ ಒಂದೇ ಬೈಟ್, ಹಾಗಾಗಿ ಎರಡು ಲೆಕ್ಕವೂ ಒಂದೇ ಬರುತ್ತಿತ್ತು. ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ, ಅಕ್ಷರವನ್ನು ಅರ್ಧ ಮಾಡುವ ವಿರಾಮ ಚಿಹ್ನೆಗೂ (್) ಮೂರು ಮೂರು ಬೈಟ್ ಬೇಕು. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದೂ ಆ ಸಾಲಿನಲ್ಲಿ ನೆನಪಾಗಲಿಲ್ಲ.

ಹತ್ತಿರದಿಂದ ನೋಡೋಣ. ಯಾರೋ 'ಕಮಲ' ಅಂತ ಟೈಪ್ ಮಾಡಿದರು. ಜಾವಾಸ್ಕ್ರಿಪ್ಟ್ ಪ್ರಕಾರ ಉದ್ದ 3. ಹೊರಟ ಬೈಟ್‌ಗಳು ಮಾತ್ರ ಒಂಬತ್ತು:

224 178 149, 224 178 174, 224 178 178

ಸರ್ವರ್ ಮೊದಲ ಬೈಟ್ ಓದಿತು, 3 ಅಂತ ಇತ್ತು. ಮೂರೇ ಬೈಟ್ ತೆಗೆದುಕೊಂಡಿತು. ಹೆಸರು 'ಕ' ಆಯಿತು. ಮುಂದಿನ ನಾಲ್ಕು ಬೈಟ್ ಸಮಯ ಅಂತ ತಾನೇ ಒಪ್ಪಂದ? ಅದು 224 178 174 224 ತೆಗೆದುಕೊಂಡಿತು, ಅಂದರೆ 3769806560. ಅದರ ಮುಂದಿನ ಬೈಟ್ ಉತ್ತರಗಳು. ಅಲ್ಲಿ ಸಿಕ್ಕಿದ್ದು 178. ಬಿಟ್‌ಗಳಲ್ಲಿ ಬರೆದರೆ 10110010. ನಾಲ್ಕು ಹೌದು, ನಾಲ್ಕು ಇಲ್ಲ. ನೋಡಿದರೆ ಯಾರೋ ಯೋಚಿಸಿ ಕೊಟ್ಟ ಉತ್ತರದ ಹಾಗೇ ಇತ್ತು. ನಿಜವಾದ ಸಮಯ, ನಿಜವಾದ ಉತ್ತರ ಇನ್ನೂ ಹಿಂದೆ ಉಳಿದಿದ್ದವು. ಅವುಗಳನ್ನು ಯಾರೂ ಓದಲೇ ಇಲ್ಲ.

ಒಂದೇ ಒಂದು ಎರರ್ ಬರಲಿಲ್ಲ. ಇದನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಜೇಸನ್‌ನಲ್ಲಿ ಒಂದು ಕೋಟ್ ತಪ್ಪಿದರೂ ಪಾರ್ಸರ್ ನಿಂತುಬಿಡುತ್ತೆ. ಅನ್‌ಪ್ಯಾಕ್‌ಗೆ ಯಾವ ನಾಲ್ಕು ಬೈಟ್ ಕೊಟ್ಟರೂ ಅದು ಒಂದು ಸಂಖ್ಯೆಯೇ. ಪಿಎಚ್‌ಪಿಯ ಅನ್‌ಪ್ಯಾಕ್ ಬೈಟ್ ಕಡಿಮೆ ಬಿದ್ದರೆ ಎಚ್ಚರಿಕೆ ಕೊಡುತ್ತೆ. ಮಿಕ್ಕಿದರೆ ಏನೂ ಹೇಳುವುದಿಲ್ಲ. ನನ್ನದು ಯಾವಾಗಲೂ ಮಿಕ್ಕುವ ತಪ್ಪು.

ಹಾಗೆ ನೋಡಿದರೆ ಒಮ್ಮೆ ಡೇಟಾಬೇಸ್ ಕೂಗಿತ್ತು. ಹೆಸರಿನ ಉದ್ದ 4 ಅಥವಾ 5 ಇದ್ದಾಗ ಅಕ್ಷರ ನಡುವೆಯೇ ಕತ್ತರಿಸಿ ಹೋಗುತ್ತೆ ಅಲ್ವಾ? ಅಂಥ ಹೆಸರನ್ನು ಮೈಎಸ್‌ಕ್ಯೂಎಲ್ ಒಪ್ಪಲಿಲ್ಲ, ಸ್ಟ್ರಿಂಗ್ ಸರಿಯಿಲ್ಲ ಅಂತ ಎರರ್ ಕೊಟ್ಟಿತು. ಯಾರೋ ಹೆಸರಿನಲ್ಲಿ ಎಮೋಜಿ ಹಾಕಿರಬೇಕು ಅಂದುಕೊಂಡೆ. ಅದರ ಹಳೆಯ ಯುಟಿಎಫ್8 ಕಾಲಂನಲ್ಲಿ ನಾಲ್ಕು ಬೈಟ್‌ನ ಎಮೋಜಿ ಹಿಡಿಯುವುದಿಲ್ಲ, ಆ ತೊಂದರೆ ಮೊದಲು ಅನುಭವಿಸಿದ್ದೆ. ಮುರಿದ ಬೈಟ್‌ಗಳನ್ನು ಕಿತ್ತುಹಾಕುವ ಒಂದು ಸಾಲು ಸೇರಿಸಿದೆ. ಎರರ್ ನಿಂತಿತು. ಎರರ್ ಏನು ಹೇಳುತ್ತಿದೆ ಅಂತ ಒಂದು ರಿಕ್ವೆಸ್ಟ್‌ನ ಬಾಡಿಯನ್ನು, ಅಂದರೆ ಫೋನ್ ಕಳಿಸಿದ ಬೈಟ್‌ಗಳನ್ನು ತೆಗೆದು ಬೈಟ್ ಬೈಟ್ ಪ್ರಿಂಟ್ ಮಾಡಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಪಟ್ಟಿಯ ಪುಟದಲ್ಲಿ ಹೆಸರು ಮತ್ತು ಉತ್ತರ ಮಾತ್ರ ತೋರಿಸುತ್ತಿದ್ದೆವು. 'ಕ', 'ಸ', 'ಮ' ಅಂತ ಒಂದಕ್ಷರದ ಹೆಸರು ಕಂಡಾಗ, ಪೂರ್ತಿ ಹೆಸರು ಹೇಳಲು ಇಷ್ಟವಿಲ್ಲದವರು ಇನಿಷಿಯಲ್ ಕೊಟ್ಟಿದ್ದಾರೆ ಅಂತ ಎಲ್ಲರೂ ನಂಬಿದೆವು. ಮೂರು ತಿಂಗಳ ಮೇಲೆ ತಿಂಗಳವಾರು ಚಾರ್ಟ್ ಬೇಕು ಅಂದರು. ದಿನಾಂಕದ ಪ್ರಕಾರ ಜೋಡಿಸಿದೆ. ಮೇಲುಗಡೆ ಬಂದು ಕೂತಿದ್ದು 2089ನೇ ಇಸವಿಯ ಜೂನ್ 16 ಮತ್ತು 17. ನೂರಾರು ಸಾಲು, ಎಲ್ಲವೂ ಒಂದೇ ದಿನದೊಳಗೆ. ಕಾರಣ ಸುಲಭ. ಕನ್ನಡದ ಯಾವ ಅಕ್ಷರ ತೆಗೆದುಕೊಂಡರೂ ಮೊದಲ ಬೈಟ್ 224, ಎರಡನೆಯದು 178 ಇಲ್ಲವೇ 179. ಹೆಸರಿನ ಉದ್ದ 3, 6, 9 ಹೀಗೆ ಮೂರರ ಲೆಕ್ಕದಲ್ಲಿದ್ದರೆ ಸಮಯದ ಜಾಗಕ್ಕೆ ಬರುವುದು ಯಾವಾಗಲೂ ಅದೇ ಜೋಡಿ. ಉತ್ತರದ ಜಾಗಕ್ಕೂ ಬರುವುದು 178 ಅಥವಾ 179. ಹಾಗಾಗಿ ಅಷ್ಟೂ ಜನ ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟಿದ್ದರು. ಮಿಕ್ಕ ಉದ್ದದ ಹೆಸರುಗಳದ್ದೂ 2038ರ ಮೇಲಿನ ತಾರೀಖುಗಳೇ.

ಸರಿಪಡಿಸಲು ಕಚ್ಚಾ ಬೈಟ್ ಬೇಕಿತ್ತು. ಸರ್ವರ್‌ನಲ್ಲಿ ಬಿಡಿಸಿದ ಕಾಲಂಗಳನ್ನು ಮಾತ್ರ ಇಟ್ಟಿದ್ದೆ. ಸರ್ವರ್ ಸರಿ ಅಂದ ಕೂಡಲೇ ಫೋನ್ ತನ್ನ ಪ್ರತಿಯನ್ನು ಅಳಿಸುತ್ತಿತ್ತು. 'ಕಮಲ' ಅನ್ನುವ ಹೆಸರಿನ ಎರಡನೇ ಅಕ್ಷರ ನನಗೆ ಸಮಯದ ಕಾಲಂನಲ್ಲಿ ಸಿಕ್ಕಿತು. ಅವರ ಉತ್ತರ ಎಲ್ಲೂ ಸಿಗಲಿಲ್ಲ. ತಂಡದವರು ಮತ್ತೆ ಮನೆ ಮನೆಗೆ ಹೋದರು. ಎಲ್ಲರೂ ಸಿಗಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ. ಎಂಡಿಯನ್ ಯಾವುದಾದರೂ ಪರವಾಗಿಲ್ಲ, ಎರಡೂ ಕಡೆ ಒಂದೇ ಎಂಡಿಯನ್ ಅನ್ನು ಸ್ಪಷ್ಟವಾಗಿ ಹೇಳಿ ಬರೆಯಿರಿ. ಬ್ರೌಸರ್‌ನಲ್ಲಿ ಬೈಟ್ ಬರೆಯುವ ಡೇಟಾವ್ಯೂಗೆ ಏನೂ ಹೇಳದಿದ್ದರೆ ಬಿಗ್ ಎಂಡಿಯನ್, ಕೊನೆಯಲ್ಲಿ ಟ್ರೂ ಕೊಟ್ಟರೆ ಲಿಟಲ್. ಪಿಎಚ್‌ಪಿಯ ಅನ್‌ಪ್ಯಾಕ್‌ಗೆ ಕ್ರಮವನ್ನು ಒಂದೊಂದು ಇಂಗ್ಲಿಷ್ ಅಕ್ಷರದಿಂದ ಹೇಳಬೇಕು: ದೊಡ್ಡ 'ಎನ್', ಚಿಕ್ಕ 'ಎನ್' ಬಿಗ್. ದೊಡ್ಡ 'ವಿ', ಚಿಕ್ಕ 'ವಿ' ಲಿಟಲ್. 'ಎಲ್', 'ಎಸ್', 'ಐ' ಮುಟ್ಟಬೇಡಿ, ಅವು ಆ ಮೆಷಿನ್ ಯಾವ ಕ್ರಮದಲ್ಲಿ ನಡೆಯುತ್ತೋ ಆ ಕ್ರಮದಲ್ಲೇ ನಡೆಯುತ್ತವೆ. ಎಂಡಿಯನ್ ತಪ್ಪಿದರೆ ಮೊದಲ ದಿನವೇ ಕಾಣುತ್ತೆ: ಎರಡು ಬೈಟ್‌ನಲ್ಲಿ 300 ಕಳಿಸಿದರೆ 11265 ಬರುತ್ತೆ, ನೀವೇ ಹಿಡಿಯುತ್ತೀರಿ. ಅದಕ್ಕೇ ಅದರ ಬಗ್ಗೆ ನಾನು ಜಾಸ್ತಿ ಹೆದರುವುದಿಲ್ಲ.

ಆದರೆ ನೇರವಾಗಿ ಹೇಳುತ್ತೇನೆ, ನಿಮಗೆ ಪ್ಯಾಕ್ ಬೇಕಾಗಿಲ್ಲ. ನೀವು ಹೇಳಿದ ಫಾರ್ಮ್ ನೂರಿನ್ನೂರು ಬೈಟ್‌ನದು. ಒಂದು ರಿಕ್ವೆಸ್ಟ್‌ನ ಹೆಡರ್‌ಗಳೇ ಎಷ್ಟೋ ಸಲ ಅದಕ್ಕಿಂತ ದೊಡ್ಡವು. ಎಂಬತ್ತು ಬೈಟ್ ಉಳಿಸಲು ನಾನು ಮಾಡಿದ ಸಾಹಸಕ್ಕೆ ಅರ್ಥವೇ ಇರಲಿಲ್ಲ. ಹತ್ತಿಪ್ಪತ್ತು ದಾಖಲೆ ಒಟ್ಟು ಮಾಡಿ ಒಂದೇ ಜೇಸನ್ ಆಗಿ ಕಳಿಸಿ. ಇನ್ನೂ ದೊಡ್ಡದು ಅನಿಸಿದರೆ ಬ್ರೌಸರ್‌ನ ಕಂಪ್ರೆಶನ್‌ಸ್ಟ್ರೀಮ್‌ನಿಂದ ಜಿಜಿಪ್ ಮಾಡಿ, ಪಿಎಚ್‌ಪಿಯಲ್ಲಿ ಜಿಜಡ್‌ಡಿಕೋಡ್‌ನಿಂದ ಬಿಡಿಸಿ. ಒಂದೇ ಹೆಸರಿನ ಕೀಗಳು ಮತ್ತೆ ಮತ್ತೆ ಬರುವುದರಿಂದ ಚೆನ್ನಾಗಿ ಕುಗ್ಗುತ್ತೆ. ಬೈನರಿಯೇ ಬೇಕು ಅಂತಿದ್ದರೆ ಮೆಸೇಜ್‌ಪ್ಯಾಕ್ ಅಥವಾ ಸಿಬಾರ್ ಅನ್ನುವ ಸಿದ್ಧ ಬೈನರಿ ಫಾರ್ಮ್ಯಾಟ್ ಬಳಸಿ. ಅವುಗಳಲ್ಲಿ ಸ್ಟ್ರಿಂಗ್‌ನ ಉದ್ದ ಬೈಟ್‌ಗಳಲ್ಲೇ ಇರುತ್ತೆ, ಅದನ್ನು ಲೈಬ್ರರಿಯೇ ನೋಡಿಕೊಳ್ಳುತ್ತೆ.

ಕೈಯಿಂದ ಪ್ಯಾಕ್ ಮಾಡಬೇಕಾದ್ದು ಎದುರುಗಡೆಯವರು ಫಾರ್ಮ್ಯಾಟ್ ಹಾಕಿಟ್ಟಿದ್ದಾಗ. ಯಾವುದೋ ಸಾಧನ ತನ್ನದೇ ಬೈಟ್ ಕ್ರಮದಲ್ಲಿ ಕಳಿಸುತ್ತೆ, ಅಥವಾ ಫೈಲ್ ಓದಬೇಕು. ಪಿಎನ್‌ಜಿ ಆದರೆ ಬಿಗ್, ಜಿಪ್ ಆದರೆ ಲಿಟಲ್. ಆಗ ಎಂಡಿಯನ್ ಆರಿಸುವ ಪ್ರಶ್ನೆಯೇ ಇಲ್ಲ. ಅವರು ಬರೆದದ್ದನ್ನು ಓದಬೇಕು ಅಷ್ಟೇ.

ಇಷ್ಟು ಹೇಳಿದ ಮೇಲೂ ಮುಂದುವರಿಯುತ್ತೀರಾದರೆ, ನಿಮ್ಮ ಕೋಡ್‌ನಲ್ಲಿ ಮೊದಲು ಹೆಸರನ್ನು ಎನ್‌ಕೋಡ್ ಮಾಡಿ, ಬಂದ ಬೈಟ್‌ಗಳ ಅರೇಯ ಉದ್ದವನ್ನು ಬರೆಯಿರಿ. ಅದಕ್ಕೆ ಎರಡು ಬೈಟ್ ಕೊಡಿ. ಒಂದೇ ಬೈಟ್‌ನಲ್ಲಿ 255ರವರೆಗೆ ಮಾತ್ರ ಹಿಡಿಯುತ್ತೆ, ಕನ್ನಡದಲ್ಲಿ 85 ಅಕ್ಷರಕ್ಕೇ ಮುಗಿಯಿತು. ಅದಕ್ಕಿಂತ ಜಾಸ್ತಿ ಆದರೆ ಡೇಟಾವ್ಯೂ ಬಾಯಿ ಬಿಡುವುದಿಲ್ಲ, 258 ಕೊಟ್ಟರೆ ಸುಮ್ನೆ 2 ಅಂತ ಬರೆದುಬಿಡುತ್ತೆ. ಸರ್ವರ್‌ನಲ್ಲಿ ಓದಿ ಮುಗಿದಾಗ ಒಂದು ಬೈಟ್ ಮಿಕ್ಕಿದರೂ ದಾಖಲೆಯನ್ನು ತಿರಸ್ಕರಿಸಿ. ಸಮಯ ಈಗಿನದಕ್ಕಿಂತ ಒಂದು ದಿನ ಮುಂದಿದ್ದರೂ ತಿರಸ್ಕರಿಸಿ. ಅನ್‌ಪ್ಯಾಕ್‌ನಲ್ಲಿ ಪ್ರತಿ ಭಾಗಕ್ಕೂ ಹೆಸರು ಕೊಡಿ, ಇಲ್ಲದಿದ್ದರೆ ಪಿಎಚ್‌ಪಿ ಎಲ್ಲವನ್ನೂ 1 ಅನ್ನುವ ಕೀಗೆ ಹಾಕಿ ಹಿಂದಿನದನ್ನು ಅಳಿಸುತ್ತೆ. ಬಂದ ಬಾಡಿಯನ್ನು ಹಾಗೇ ಒಂದು ಬ್ಲಾಬ್ ಕಾಲಂನಲ್ಲಿ (ಕಚ್ಚಾ ಬೈಟ್ ಇಡುವ ಕಾಲಂ) ಇಡಿ, ಕನಿಷ್ಠ ಮೊದಲ ಆರು ತಿಂಗಳು.

ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಫಾರ್ಮ್‌ನಲ್ಲಿ 'ಕಮಲ' ಅಂತ ಟೈಪ್ ಮಾಡಿ ಕಳಿಸಿ, ಸರ್ವರ್‌ಗೆ ಬಂದ ಬೈಟ್‌ಗಳನ್ನು ಸಂಖ್ಯೆಯಾಗಿ ಪ್ರಿಂಟ್ ಮಾಡಿ. ಉದ್ದದ ಜಾಗದಲ್ಲಿ 9 ಇರಬೇಕು (ಉದ್ದಕ್ಕೆ ಎರಡು ಬೈಟ್ ಕೊಟ್ಟಿದ್ದರೆ ಬಿಗ್‌ನಲ್ಲಿ 0 9, ಲಿಟಲ್‌ನಲ್ಲಿ 9 0). 3 ಇದ್ದರೆ ಈಗಾಗಲೇ ಬಂದಿರುವ ದಾಖಲೆಗಳ ಸಮಯದ ಕಾಲಂ ನೋಡಿ, ಮತ್ತು ಫೋನ್‌ಗಳಲ್ಲಿ ಪ್ರತಿ ಅಳಿಸುವ ಕೋಡನ್ನು ಮೊದಲು ನಿಲ್ಲಿಸಿ.